ಹಳೆಯ ಕ್ಯಾಟಲಿನಾ 30ರ ಕೀಲ್ ರಿಪೇರಿ: ಅಲಮೇಡದ ಒಂದು ಬೋಟ್‌ಯಾರ್ಡಿನ ಕೆಲಸದ ವಿಮರ್ಶೆ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ಅಲಮೇಡದಲ್ಲಿರುವ ಒಂದು ಚಿಕ್ಕ ಬೋಟ್‌ಯಾರ್ಡಿನವರು ನಮ್ಮ 1979ರ ಕ್ಯಾಟಲಿನಾ 30 ಹಾಯಿದೋಣಿಯ ಕೀಲನ್ನು (ದೋಣಿ ಮಗುಚದಂತೆ ತಳದಲ್ಲಿ ಬಿಗಿಸಿರುವ ಭಾರವಾದ ರೆಕ್ಕೆಯನ್ನು) ಕಳಚಿ, ಅದು ಕೂರುವ ಜಾಗವನ್ನು ಹೊಸದಾಗಿ ಕಟ್ಟಿ, ಮತ್ತೆ ಬಿಗಿಸಿ ಕೊಟ್ಟಿದ್ದಾರೆ. ಕೆಲಸ ಬಹಳ ಚೆನ್ನಾಗಿದೆ, ದುಬಾರಿಯಾಗಿದೆ, ಮತ್ತು ಹೇಳಿದ ಅವಧಿಗಿಂತ ತಡವಾಗಿ ಮುಗಿದಿದೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ದೂರುಗಳನ್ನೂ ಬರೆಯಬೇಕಾಗಿರುವುದರಿಂದ ಯಾರ್ಡಿನ ಹೆಸರನ್ನು ಹೇಳಿಲ್ಲ. ಆದರೆ ಅವರು ಏನು ಮಾಡಿದರು, ಯಾವ ಕ್ರಮದಲ್ಲಿ ಮಾಡಿದರು ಎಂಬುದನ್ನು ವಿವರವಾಗಿ ಬರೆದರೆ, ಬೇರೆ ಯಾವ ಯಾರ್ಡಿಗೆ ಹೋದವರಿಗೂ ಅಲ್ಲಿ ಏನು ಕೇಳಬೇಕೆಂದು ತಿಳಿಯುತ್ತದೆ. ಬೇ ಏರಿಯಾದಲ್ಲಿ ಹಳೆಯ ಹಾಯಿದೋಣಿಗಳು ಅಗ್ಗಕ್ಕೆ ಸಿಗುತ್ತವೆ. ಕೊಳ್ಳುವವರು ಹಾಯಿ ನೋಡುತ್ತಾರೆ, ಎಂಜಿನ್ ಚಾಲೂ ಮಾಡಿಸುತ್ತಾರೆ, ಒಳಗಿನ ದಿಂಬುಗಳನ್ನು ಒತ್ತಿ ನೋಡುತ್ತಾರೆ. ನೀರಿನಡಿ ಇರುವ ಕೀಲ್ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಕ್ಯಾಟಲಿನಾ 30 ಅಮೆರಿಕದ ಅತ್ಯಂತ ಜನಪ್ರಿಯ ಹಾಯಿದೋಣಿಗಳಲ್ಲಿ ಒಂದು. ಫ್ರಾಂಕ್ ಬಟ್ಲರ್ ಸ್ಥಾಪಿಸಿದ ಕ್ಯಾಟಲಿನಾ ಯಾಟ್ಸ್ ಕಂಪನಿ ಈ ಮಾದರಿಯನ್ನು 1970ರ ದಶಕದ ಮಧ್ಯದಿಂದ 2008ರವರೆಗೆ ಆರು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿತು. ವಿಶಾಲವಾದ, ಗಟ್ಟಿಮುಟ್ಟಾದ, ಕುಟುಂಬಕ್ಕೆ ಹೇಳಿ ಮಾಡಿಸಿದ ದೋಣಿ. ಆದರೆ ಇದರ ಹಳೆಯ ದೋಣಿಗಳಲ್ಲಿ ಒಂದು ಮೂಲ ದೌರ್ಬಲ್ಯವಿದೆ. ಹಲ್‌ನ, ಅಂದರೆ ದೋಣಿಯ ಒಡಲಿನ, ತಳದಲ್ಲಿ ಕೀಲ್ ಬಂದು ಕೂರುವ ಮೊಟುಕಾದ ಭಾಗಕ್ಕೆ ಸ್ಟಬ್ ಎನ್ನುತ್ತಾರೆ. ಹಳೆಯ ದೋಣಿಗಳಲ್ಲಿ ಈ ಸ್ಟಬ್‌ನ ಒಳಗೆ, ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ, ಪ್ಲೈವುಡ್ ಇಟ್ಟಿದ್ದಾರೆ. ಕೀಲ್ ಬೋಲ್ಟುಗಳು ಆ ಪ್ಲೈವುಡ್ಡನ್ನು ತೂರಿಕೊಂಡೇ ಮೇಲೆ ಬಂದು ಬಿಲ್ಜ್‌ನಲ್ಲಿ ನಟ್‌ಗಳಿಂದ ಬಿಗಿಯಾಗುತ್ತವೆ. ಬಿಲ್ಜ್ ಎಂದರೆ ದೋಣಿಯೊಳಗಿನ ನೀರೆಲ್ಲ ಹರಿದು ಬಂದು ನಿಲ್ಲುವ ತಗ್ಗು. ಆ ನೀರು ವರ್ಷಗಟ್ಟಲೆ ಬೋಲ್ಟುಗಳ ರಂಧ್ರದ ಮೂಲಕ ಒಳಗೆ ಜಿನುಗಿ ಮರವನ್ನು ಕೊಳೆಸುತ್ತದೆ. ಕೊಳೆತ ಮರ ನಟ್‌ನ ಬಿಗಿತಕ್ಕೆ ಕುಗ್ಗುತ್ತದೆ, ಬಿಗಿತ ಸಡಿಲವಾಗುತ್ತದೆ, ಹೊರಗೆ ಕೀಲ್ ಮತ್ತು ಹಲ್ ಸೇರುವಲ್ಲಿ ಮುಂಭಾಗದಲ್ಲಿ ಬಾಗಿದ ಬಿರುಕು ಕಾಣಿಸಿಕೊಳ್ಳುತ್ತದೆ. ಕ್ಯಾಟಲಿನಾ ಸ್ಮೈಲ್ ಎಂದು ದೋಣಿಯವರೆಲ್ಲ ಕರೆಯುವುದು ಇದನ್ನೇ. ದೋಣಿ ಕೆಸರಿಗೋ ಮರಳಿಗೋ ತಗುಲಿದಾಗ ಕೀಲ್‌ನ ತುದಿ ಹಿಂದಕ್ಕೆ ತಳ್ಳಲ್ಪಟ್ಟು ಜೋಡಣೆಯ ಮುಂಭಾಗ ಬಾಯಿ ತೆರೆಯುವುದರಿಂದ, ನೆಲ ತಾಗಿದ ದೋಣಿಗಳಲ್ಲಿ ಬಿರುಕು ಇನ್ನಷ್ಟು ಬೇಗ ಬೆಳೆಯುತ್ತದೆ. ಬರ್ಕ್ಲಿ ಕಡೆಯ ನೀರು ಎಷ್ಟು ಆಳವಿಲ್ಲದ್ದು ಎಂದು ಬಲ್ಲವರಿಗೆ, ಈ ಕೊಲ್ಲಿಯ ಹಳೆಯ ದೋಣಿಗಳಲ್ಲಿ ನೆಲ ತಾಗದೆ ಉಳಿದವು ಎಷ್ಟಿರಬಹುದು ಎಂದು ಹೇಳಬೇಕಾಗಿಲ್ಲ.

ಇದು ಏಕೆ ಗಂಭೀರ ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಈ ದೋಣಿಯ ಒಟ್ಟು ತೂಕ ಸುಮಾರು 4,600 ಕಿಲೋ. ಅದರಲ್ಲಿ ಸುಮಾರು 1,900 ಕಿಲೋ ಸೀಸದ ಕೀಲ್. ಗಾಳಿಯ ಹೊಡೆತಕ್ಕೆ ದೋಣಿ ಪೂರ್ತಿ ಪಕ್ಕಕ್ಕೆ ಮಲಗಿದೆ ಎಂದುಕೊಳ್ಳೋಣ. ಕೀಲ್‌ನ ಗುರುತ್ವ ಕೇಂದ್ರ ಜೋಡಣೆಯಿಂದ 50 ಸೆಂಟಿಮೀಟರ್ ದೂರದಲ್ಲಿದೆ, ಬೋಲ್ಟುಗಳ ಸಾಲಿನಿಂದ ಸ್ಟಬ್‌ನ ಅಂಚಿಗೆ 10 ಸೆಂಟಿಮೀಟರ್ ಇದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಬೋಲ್ಟುಗಳೆಲ್ಲ ಸೇರಿ ಕೀಲ್‌ನ ತೂಕದ ಐದು ಪಟ್ಟು, ಅಂದರೆ ಸುಮಾರು ಒಂಬತ್ತೂವರೆ ಟನ್ ಎಳೆತವನ್ನು ತಡೆಯಬೇಕಾಗುತ್ತದೆ. ಅಷ್ಟೇ ಒತ್ತಡ ಎದುರಿನ ಅಂಚಿನಲ್ಲಿ ಸ್ಟಬ್‌ನ ಮೇಲೆ ಬೀಳುತ್ತದೆ. ಬೋಲ್ಟು ಎಷ್ಟೇ ಗಟ್ಟಿಯಾಗಿದ್ದರೂ, ಒತ್ತಡ ತೆಗೆದುಕೊಳ್ಳಬೇಕಾದ ಆ ಅಂಚಿನಲ್ಲಿ ಕೊಳೆತ ಮರವಿದ್ದರೆ ಜೋಡಣೆ ಅಲುಗಾಡಲೇಬೇಕು. ಕೀಲ್ ರಿಪೇರಿಯಲ್ಲಿ ಎಲ್ಲರೂ ಬೋಲ್ಟಿನ ಮಾತಾಡುತ್ತಾರೆ. ಬೋಲ್ಟು ಯಾವುದನ್ನು ಹಿಡಿದುಕೊಂಡಿದೆ ಎಂಬುದೇ ನಿಜವಾದ ಪ್ರಶ್ನೆ.

ನಾವು ಮೊದಲು ವಿಚಾರಿಸಿದ ಬೇರೊಂದು ಯಾರ್ಡಿನವರು ಬಿರುಕನ್ನು ಉಜ್ಜಿ, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ತುಂಬಿ, ನಟ್‌ಗಳನ್ನು ಬಿಗಿಸಿ ಬಣ್ಣ ಹೊಡೆಯುವುದಾಗಿ ಹೇಳಿ, ಆಕರ್ಷಕವೆನಿಸುವ ಕಡಿಮೆ ದರದ ಕೊಟೇಶನ್ ಕೊಟ್ಟಿದ್ದರು. ಸ್ಟಬ್ ಗಟ್ಟಿಯಾಗಿದ್ದರೆ ಆ ಕ್ರಮ ತಪ್ಪೇನಲ್ಲ. ಗಟ್ಟಿಯಾಗಿದೆಯೇ ಎಂದು ನೋಡದೆ ಅದನ್ನೇ ಮಾಡುವುದು ಮಾತ್ರ ಕಾಯಿಲೆಯನ್ನು ಬಣ್ಣದಡಿ ಮುಚ್ಚಿದಂತೆ. ಅಲಮೇಡದವರು ದರದ ಮಾತೇ ಎತ್ತದೆ, ಮೊದಲು ನೋಡಬೇಕು, ನೋಡಲು ಇಷ್ಟು ಖರ್ಚಾಗುತ್ತದೆ ಎಂದರು. ಈ ಒಂದು ಮಾತಿಗೇ ನಾನು ಅವರನ್ನು ಆರಿಸಿಕೊಂಡೆ.

ಅವರ ತಪಾಸಣೆ ಹೀಗಿತ್ತು. ಟ್ರಾವೆಲ್‌ಲಿಫ್ಟ್ ಎಂಬ ಚಕ್ರದ ಕ್ರೇನಿನಲ್ಲಿ ದೋಣಿಯನ್ನು ಎತ್ತಿ, ಪಟ್ಟಿಗಳಲ್ಲಿ ತೂಗಾಡುತ್ತಿದ್ದಾಗಲೇ ಒಬ್ಬರು ಕೀಲ್‌ನ ತುದಿಯನ್ನು ಭುಜದಿಂದ ತಳ್ಳಿದರು, ಇನ್ನೊಬ್ಬರು ಜೋಡಣೆಯ ಬಿರುಕಿಗೆ ಟಾರ್ಚ್ ಹಿಡಿದರು. ಬಿರುಕಿನಿಂದ ಕಂದು ನೀರು ತೊಟ್ಟಿಕ್ಕಿತು. ಆಮೇಲೆ ದೋಣಿಯನ್ನು ಕೀಲ್‌ನ ಮೇಲೆ ಭಾರ ಬೀಳುವಂತೆ ದಿಮ್ಮಿಗಳ ಮೇಲೆ ಇಳಿಸಿದಾಗ ಅದೇ ಬಿರುಕು ಮುಚ್ಚಿಕೊಂಡಿತು. ತೂಗಿದಾಗ ತೆರೆದು ಕೂತಾಗ ಮುಚ್ಚುವ ಬಿರುಕು ಮೇಲ್ಮೈಯದ್ದಲ್ಲ, ಜೋಡಣೆಯದ್ದು ಎಂದು ಅಲ್ಲಿನ ಹಿರಿಯ ಕೆಲಸಗಾರರು ತೋರಿಸಿಕೊಟ್ಟರು. ನಂತರ ಬಿಲ್ಜ್‌ನ ಒಳಗಿನಿಂದ, ಮೇಲಿನ ಫೈಬರ್‌ಗ್ಲಾಸ್ ಪದರಕ್ಕೆ ಸಣ್ಣ ರಂಧ್ರಗಳನ್ನು ಕೊರೆದು ಡ್ರಿಲ್‌ಗೆ ಅಂಟಿ ಬಂದದ್ದನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟರು. ಹಿಂಭಾಗದ ರಂಧ್ರದಿಂದ ಬಂದ ಮರದ ಪುಡಿ ಒಣಗಿತ್ತು; ಮುಂದಕ್ಕೆ ಹೋದಂತೆ ಅದು ಕಪ್ಪಾಗಿ, ನೆನೆಸಿದ ಹಿಂಡಿಯ ಹಾಗೆ ಬೆರಳಿಗೆ ಮೆತ್ತಿಕೊಂಡಿತು. ಮಾಸ್ತಿನ (ಹಾಯಿ ಕಟ್ಟುವ ಎತ್ತರದ ಕಂಬದ) ಭಾರವನ್ನು ದೋಣಿಯೊಳಗೆ ಹೊರುವ ಕಂಬದ ಬುಡವನ್ನೂ ಆಗಲೇ ನೋಡಿದರು, ಏಕೆಂದರೆ ಈ ಮಾದರಿಯಲ್ಲಿ ಮಾಸ್ತು ಡೆಕ್‌ನ ಮೇಲೆ ನಿಂತಿದ್ದು, ಅದರ ಒತ್ತಡವೆಲ್ಲ ಆ ಕಂಬದ ಮೂಲಕ ಕೆಳಗಿಳಿಯುತ್ತದೆ.

ಬೋಲ್ಟುಗಳ ವಿಚಾರದಲ್ಲಿ ಅವರು ಹೇಳಿದ್ದು ಪ್ರತಿಯೊಬ್ಬ ಹಳೆಯ ದೋಣಿಯ ಒಡೆಯನೂ ತಿಳಿದಿರಬೇಕಾದದ್ದು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದೆ ಇರುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆಯಿಂದ. ಆ ಪೊರೆ ಹರಿದರೆ ಮತ್ತೆ ಕಟ್ಟಿಕೊಳ್ಳಲು ಆಮ್ಲಜನಕ ಬೇಕು. ಒದ್ದೆ ಮರದ ನಡುವೆ, ಗಾಳಿಯಾಡದ ಇಕ್ಕಟ್ಟಿನಲ್ಲಿ, ಉಪ್ಪುನೀರು ನಿಂತಲ್ಲಿ ಆಮ್ಲಜನಕ ಸಿಗುವುದಿಲ್ಲ. ಅಲ್ಲಿ ಲೋಹ ಗುಳಿಬಿದ್ದು ಸವೆಯುತ್ತದೆ. ಆದ್ದರಿಂದ ಬಿಲ್ಜ್‌ನಲ್ಲಿ ಕಾಣುವ ಬೋಲ್ಟಿನ ತಲೆ ಫಳಫಳ ಹೊಳೆಯುತ್ತಿದ್ದರೂ, ಒಂದೆರಡು ಇಂಚು ಕೆಳಗೆ ಅದು ಅರ್ಧ ತಿಂದುಹೋಗಿರಬಹುದು. ಟಾರ್ಕ್ ವ್ರೆಂಚ್ ನಟ್ ಎಷ್ಟು ಬಿಗಿಯಾಗಿದೆ ಎಂದು ಹೇಳುತ್ತದೆಯೇ ಹೊರತು ಬೋಲ್ಟು ಎಷ್ಟು ಉಳಿದಿದೆ ಎಂದು ಹೇಳುವುದಿಲ್ಲ. ನಮ್ಮ ದೋಣಿಯಲ್ಲಿ ಕೀಲ್ ಕಳಚಿದ ಮೇಲೆ ಮುಂಭಾಗದ ಎರಡು ಬೋಲ್ಟುಗಳು ಜೋಡಣೆಯ ಮಟ್ಟದಲ್ಲಿ ಸೊಂಟ ಕಟ್ಟಿದಂತೆ ಸಣ್ಣಗಾಗಿದ್ದವು. ಮೇಲಿನಿಂದ ನೋಡಿದಾಗ ಆ ಎರಡೂ ಉಳಿದವುಗಳಂತೆಯೇ ಇದ್ದವು.

ಕಳಚುವುದೆಂದರೆ ವಾಸ್ತವದಲ್ಲಿ ಕೀಲನ್ನು ದಿಮ್ಮಿಗಳ ಮೇಲೆ ನೆಟ್ಟಗೆ ನಿಲ್ಲಿಸಿ, ನಟ್‌ಗಳನ್ನು ತೆಗೆದು, ಹಳೆಯ ಅಂಟನ್ನು ಬ್ಲೇಡಿನಿಂದ ಕೊಯ್ದು, ದೋಣಿಯನ್ನೇ ಮೇಲಕ್ಕೆ ಎತ್ತುವುದು. ಬಳಿಕ ಬಿಲ್ಜ್‌ನ ಕಡೆಯಿಂದ ಮೇಲಿನ ಪದರವನ್ನು ಕತ್ತರಿಸಿ ತೆಗೆದು, ಪ್ಲೈವುಡ್ಡನ್ನು ಉಳಿಯಿಂದ ಕೆರೆದು ಖಾಲಿ ಮಾಡಿದರು. ಹಿಂಭಾಗದ ಒಣ ಮರವನ್ನೂ ಬಿಡಲಿಲ್ಲ. ಇಂದು ಒಣಗಿರುವುದು ಎಂದೂ ಒಣಗಿಯೇ ಇರುತ್ತದೆಂದು ನಂಬುವಂತಿಲ್ಲ ಎಂಬುದು ಅವರ ವಾದ, ನನಗೆ ಅದು ಪೂರ್ತಿ ಒಪ್ಪಿಗೆಯಾಯಿತು. ಖಾಲಿಯಾದ ಜಾಗಕ್ಕೆ ಫೈಬರ್‌ಗ್ಲಾಸ್ ಬಟ್ಟೆ ಮತ್ತು ವೆಸ್ಟ್ ಸಿಸ್ಟಮ್ ಎಂಬ ಬ್ರಾಂಡಿನ 105 ಎಪಾಕ್ಸಿ ರೆಸಿನ್ ಬಳಸಿದರು. ಐದು ಪಾಲು ರೆಸಿನ್‌ಗೆ, ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಒಂದು ಪಾಲು. ಹಾರ್ಡನರ್‌ಗಳಲ್ಲಿ ನಿಧಾನವಾದ 206 ಅನ್ನೇ ಆರಿಸಿದರು. ಎಪಾಕ್ಸಿಯನ್ನು ಒಮ್ಮೆಗೇ ದಪ್ಪವಾಗಿ ಸುರಿದರೆ ಅದು ಗಟ್ಟಿಯಾಗುವಾಗ ತನ್ನದೇ ಬಿಸಿಗೆ ಹೊಗೆಯಾಡಿ, ಬಿರುಕು ಬಿಟ್ಟು ಕೆಡುತ್ತದೆ. ಹಾಗಾಗಿ ಸ್ವಲ್ಪ ಪದರ ಹಾಕುವುದು, ಅದು ತಣಿಯಲು ಬಿಡುವುದು, ಉಜ್ಜುವುದು, ಮತ್ತೆ ಹಾಕುವುದು. ಈ ಹಂತದಲ್ಲಿ ಅವಸರ ಮಾಡದಿದ್ದುದೇ ಇಡೀ ಕೆಲಸದ ಹಿರಿಮೆ. ಬಿಲ್ಜ್‌ನ ತಳದಲ್ಲಿ ಟಾರ್ಚ್ ಹಿಡಿದರೆ ಒಳಗಿನ ನೇಯ್ಗೆ ಕಾಣುವಷ್ಟು ಪಾರದರ್ಶಕವಾಗಿ, ಒಂದೂ ಗಾಳಿಗುಳ್ಳೆಯಿಲ್ಲದೆ ಹೊಸ ಸ್ಟಬ್ ಎದ್ದುನಿಂತಿತ್ತು.

ಸವೆದ ಎರಡು ಬೋಲ್ಟುಗಳಿಗೆ ಪರಿಹಾರವಾಗಿ ಅವುಗಳ ಪಕ್ಕದಲ್ಲೇ ಹೊಸ ಬೋಲ್ಟುಗಳನ್ನು ಇಳಿಸಿದರು. ಸೀಸದೊಳಗೆ ನೇರವಾಗಿ ಆಳಕ್ಕೆ ಕೊರೆದು, ಕೀಲ್‌ನ ಪಕ್ಕದಲ್ಲಿ ಒಂದು ಕಿಟಕಿ ಕೆತ್ತಿ, ಅದರೊಳಗೆ ದಪ್ಪ ವಾಷರ್ ಮತ್ತು ನಟ್ ಕೂರಿಸಿ, ಕಿಟಕಿಯನ್ನು ಮತ್ತೆ ತುಂಬಿ ನುಣುಪು ಮಾಡಿದರು. ಎಲ್ಲ ಬೋಲ್ಟುಗಳೂ ಹೋಗಿದ್ದರೆ ಕೀಲನ್ನೇ ಎರಕದ ಕಾರ್ಖಾನೆಗೆ ಕಳಿಸಬೇಕಾಗುತ್ತಿತ್ತು. ಕೆನಡಾದ ಮಾರ್ಸ್‌ಕೀಲ್‌ನಂಥ ಸಂಸ್ಥೆಗಳು ಆ ಕೆಲಸ ಮಾಡುತ್ತವೆ, ಆದರೆ ಎರಡು ಟನ್ ಸೀಸದ ಸಾಗಣೆಯೇ ಒಂದು ದೊಡ್ಡ ವೆಚ್ಚ. ನಮಗೆ ಅದರ ಅಗತ್ಯ ಬೀಳಲಿಲ್ಲ.

ಮರುಜೋಡಣೆಗೆ 3ಎಂ ಕಂಪನಿಯ 5200 ಪಾಲಿಯುರಿಥೇನ್ ಬಳಸಿದರು. ಇದು ಸೀಲೆಂಟ್ ಮಾತ್ರವಲ್ಲ, ಬಲವಾದ ಅಂಟೂ ಹೌದು. ಇನ್ನೊಮ್ಮೆ ಬಿಡಿಸುವವರಿಗೆ ಶಾಪವೆಂದೇ ಇದಕ್ಕೆ ಹೆಸರು. ಕೀಲ್ ಜೋಡಣೆಗೆ ಆ ಹಟಮಾರಿತನವೇ ಬೇಕು. ಧಾರಾಳವಾಗಿ ಹಚ್ಚಿ, ದೋಣಿಯನ್ನು ಇಳಿಸಿ, ಸುತ್ತಲೂ ಬಿಳಿಯ ಅಂಟು ಒಂದೇ ಸಮನೆ ಹೊರಚೆಲ್ಲುವಷ್ಟು ಮಾತ್ರ ನಟ್‌ಗಳನ್ನು ಬಿಗಿಸಿ, ಅದು ಪೂರ್ತಿ ಗಟ್ಟಿಯಾಗಲು ಒಂದು ವಾರ ಬಿಟ್ಟು, ಆಮೇಲೆ ತಯಾರಕರು ಹೇಳಿದ ಟಾರ್ಕ್‌ಗೆ (ತಿರುಚುವ ಬಲಕ್ಕೆ) ಕೊನೆಯ ಬಿಗಿತ ಕೊಟ್ಟರು. ಹಳೆಯ ಚಿಕ್ಕ ವಾಷರ್‌ಗಳ ಬದಲು ಅಗಲವಾದ ದಪ್ಪ ಸ್ಟೇನ್‌ಲೆಸ್ ಪಟ್ಟಿಗಳನ್ನು ಹಾಕಿದ್ದಾರೆ. ನಟ್‌ನ ಒತ್ತಡ ಈಗ ಒಂದು ಬಿಂದುವಿನಲ್ಲಿ ನಿಲ್ಲದೆ ಹರಡುತ್ತದೆ.

ಇನ್ನು ದೂರುಗಳು. ಎರಕದಲ್ಲಿ ಕೂತ ಹಳೆಯ ಬೋಲ್ಟುಗಳು ಒಂದಕ್ಕೊಂದು ಪೂರ್ತಿ ಸಮಾನಾಂತರವಾಗಿರಲಿಲ್ಲ. ಅವುಗಳ ಅಳತೆಯ ಮಾದರಿ ಹಲಗೆಯನ್ನು ಹೊಸ ಸ್ಟಬ್ ಗಟ್ಟಿಯಾಗುವ ಮೊದಲೇ ಮಾಡಿಕೊಳ್ಳಬೇಕಿತ್ತು. ಅದನ್ನು ತಡವಾಗಿ ಮಾಡಿದ್ದರಿಂದ ರಂಧ್ರಗಳನ್ನು ಮತ್ತೆ ಸರಿಪಡಿಸಬೇಕಾಗಿ ಬಂತು, ಆ ದಿನಗಳ ಯಾರ್ಡ್ ಬಾಡಿಗೆ ನಮ್ಮ ಬಿಲ್ಲಿಗೇ ಬಂತು. ಕೇಳಿದ ಮೇಲೆ ಅದರಲ್ಲಿ ಅರ್ಧ ಕಡಿಮೆ ಮಾಡಿದರು, ಕೇಳದೆಯೇ ಮಾಡಬೇಕಿತ್ತು. ಪ್ರತಿ ನಟ್‌ಗೆ ಎಷ್ಟು ಟಾರ್ಕ್ ಕೊಟ್ಟರೆಂಬ ಲಿಖಿತ ದಾಖಲೆಯನ್ನೂ ನಾವಾಗಿಯೇ ಪಟ್ಟು ಹಿಡಿದು ಪಡೆಯಬೇಕಾಯಿತು. ಮುಂದೆ ದೋಣಿ ಕೊಳ್ಳುವವರಿಗೆ, ದೋಣಿ ಪರೀಕ್ಷಿಸುವ ಸರ್ವೇಯರ್‌ಗೆ, ವಿಮೆಯವರಿಗೆ ಬೇಕಾಗುವುದು ಅದೇ ಕಾಗದ, ಜೊತೆಗೆ ಕಳಚಿದಾಗಿನ ಫೋಟೋಗಳು. ಫೋಟೋಗಳನ್ನು ಮಾತ್ರ ಅವರು ಉದಾರವಾಗಿ, ಪ್ರತಿ ಹಂತದಲ್ಲೂ ಕಳಿಸಿದರು.

ದಾಖಲೆಯ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2014ರ ಮೇ ತಿಂಗಳಲ್ಲಿ ಆಂಟಿಗುವಾದಿಂದ ಸೌತಾಂಪ್ಟನ್‌ಗೆ ಮರಳುತ್ತಿದ್ದ ಚೀಕಿ ರಫೀಕಿ ಎಂಬ ದೋಣಿ ಅಟ್ಲಾಂಟಿಕ್‌ನ ನಡುವೆ ಕೀಲ್ ಕಳಚಿ ಮಗುಚಿತು. ಅದರಲ್ಲಿದ್ದ ನಾಲ್ವರೂ ಮರಳಲಿಲ್ಲ. ಹಿಂದೆ ಹಲವು ಸಲ ನೆಲ ತಾಗಿದ್ದು ಮತ್ತು ಆಮೇಲೆ ನಡೆದ ರಿಪೇರಿಗಳು ಸೇರಿ, ಕೀಲ್ ಕೂರುವ ಜಾಗದ ರಚನೆಯನ್ನು ದುರ್ಬಲಗೊಳಿಸಿದ್ದಿರಬಹುದು ಎಂದು ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ 2015ರ ವರದಿಯಲ್ಲಿ ಹೇಳಿತು. ಆ ದೋಣಿಯ ಕಟ್ಟೋಣ ಬೇರೆ, ನಮ್ಮದು ಬೇರೆ. ಆದರೆ ದೋಣಿ ಎಂದು ನೆಲ ತಾಗಿತು, ಆಮೇಲೆ ಯಾರು ಏನು ಮಾಡಿದರು ಎಂಬುದನ್ನು ಬರೆದಿಡದಿದ್ದರೆ ಮುಂದಿನವರು ಕುರುಡಾಗಿ ನಂಬಬೇಕಾಗುತ್ತದೆ ಎಂಬುದು ಎರಡಕ್ಕೂ ಒಂದೇ.

ಖರ್ಚಿನ ಮಾತು. ಬಿಲ್ಲು ಮೊದಲ ಅಂದಾಜಿಗಿಂತ ಸುಮಾರು ಕಾಲು ಭಾಗ ಹೆಚ್ಚಾಯಿತು, ಮತ್ತು ಒಟ್ಟು ಮೊತ್ತ ಈ ವಯಸ್ಸಿನ ಕ್ಯಾಟಲಿನಾ 30ರ ಮಾರುಕಟ್ಟೆ ಬೆಲೆಗೆ ಹತ್ತಿರ ಬಂದಿದೆ. ಅದರಲ್ಲಿ ಸಾಮಗ್ರಿಯ ಪಾಲು ಚಿಕ್ಕದು. ಹೆಚ್ಚಿನದು ಕೂಲಿ ಮತ್ತು ಯಾರ್ಡ್ ಬಾಡಿಗೆ. ದೋಣಿಯನ್ನು ಒಂದೆರಡು ವರ್ಷದಲ್ಲಿ ಮಾರುವ ಯೋಚನೆಯಿರುವವರಿಗೆ ಈ ಹಣ ವಾಪಸು ಬರುವುದಿಲ್ಲ. ಅಂಥವರು ರಿಪೇರಿ ಮಾಡಿಸದೆ, ಇರುವ ಸ್ಥಿತಿಯನ್ನು ಮುಚ್ಚಿಡದೆ ಹೇಳಿ ಕಡಿಮೆ ಬೆಲೆಗೆ ಮಾರುವುದೇ ನ್ಯಾಯ. ಮಕ್ಕಳನ್ನು ಕೂರಿಸಿಕೊಂಡು ಬೇಸಿಗೆಯ ಮಧ್ಯಾಹ್ನ ಗೋಲ್ಡನ್ ಗೇಟ್‌ನಿಂದ ನುಗ್ಗಿ ಬರುವ ಗಾಳಿಯಲ್ಲಿ ಓಡಾಡುವ ನಮ್ಮಂಥವರಿಗೆ ಲೆಕ್ಕ ಬೇರೆ.

ನೀರಿಗಿಳಿಸಿ ಒಂದು ಋತು ಕಳೆದ ಮೇಲೆ ಅವರೇ ಕರೆದು, ಮೊದಲೇ ಒಪ್ಪಿದಂತೆ ಹೆಚ್ಚುವರಿ ಹಣವಿಲ್ಲದೆ, ನಟ್‌ಗಳನ್ನು ಮತ್ತೆ ಪರೀಕ್ಷಿಸಿದರು. ಒಂದೂ ನಟ್ ಅಲುಗಲಿಲ್ಲ. ಬಿಲ್ಜ್ ಒಣಗಿದೆ, ಜೋಡಣೆಯ ಬಣ್ಣದಲ್ಲಿ ಕೂದಲೆಳೆಯಷ್ಟೂ ಗೆರೆಯಿಲ್ಲ. ಇಲ್ಲಿ ಕೆಲಸ ಮಾಡಿಸುವವರು ಚಳಿಗಾಲದಲ್ಲೇ ಜಾಗ ಕಾದಿರಿಸಿಕೊಳ್ಳಿ; ವಸಂತದ ಹೊತ್ತಿಗೆ ಯಾರ್ಡು ತುಂಬಿಹೋಗುತ್ತದೆ. ಕೊಟೇಶನ್‌ನಲ್ಲಿ ಮಾದರಿ ಹಲಗೆ, ಟಾರ್ಕ್ ದಾಖಲೆ ಮತ್ತು ತಡವಾದರೆ ಬಾಡಿಗೆ ಯಾರದ್ದು ಎಂಬ ಮೂರನ್ನೂ ಸಹಿಗೆ ಮೊದಲೇ ಬರೆಸಿಕೊಳ್ಳಿ.