ಗ್ವಾಚನ್‌ನಲ್ಲಿ ಒಂದು ದಿನ: ಬೆಳಗ್ಗೆ ಸೈನ್ಸ್ ಮ್ಯೂಸಿಯಂ, ಮಧ್ಯಾಹ್ನ 1,003 ಟಿವಿ

ಸುವಾನ್, ಸಿಯೋಲ್ ಕಡೆ ಇರೋ ನಮ್ಮವರು ರಜಾ ದಿನ ಮಕ್ಕಳನ್ನ ಎಲ್ಲಿಗೆ ಕರ್ಕೊಂಡ್ ಹೋಗೋದು ಅಂತ ಕೇಳ್ತಾನೇ ಇರ್ತಾರೆ. ನಂದು ಈಗ ಒಂದೇ ಉತ್ತರ, ಸಿಯೋಲ್ ಪಕ್ಕದಲ್ಲೇ ಇರೋ ಗ್ವಾಚನ್‌ಗೆ ಹೋಗಿ. ಮೆಟ್ರೋ ಲೈನ್ 4ರಲ್ಲಿ ಸಿಯೋಲ್ ಗ್ರ್ಯಾಂಡ್ ಪಾರ್ಕ್ ಸ್ಟೇಷನ್ ಇಳಿದ್ರೆ ಒಂದು ಕಡೆ ನ್ಯಾಷನಲ್ ಸೈನ್ಸ್ ಮ್ಯೂಸಿಯಂ, ಇನ್ನೊಂದು ಕಡೆ ಬೆಟ್ಟದ ಬುಡದಲ್ಲಿ ಎಂಎಂಸಿಎ, ಅಂದ್ರೆ ಕೊರಿಯಾದ ನ್ಯಾಷನಲ್ ಮಾಡರ್ನ್ ಆರ್ಟ್ ಮ್ಯೂಸಿಯಂ. ಬೆಂಗಳೂರಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಹತ್ರಾನೇ ವೆಂಕಟಪ್ಪ ಆರ್ಟ್ ಗ್ಯಾಲರಿ ಇದ್ಯಲ್ಲ, ಹಂಗೆ, ಆದ್ರೆ ಇಲ್ಲಿ ಎರಡೂ ತುಂಬಾ ದೊಡ್ಡವು, ನಡುವೆ ದೂರಾನೂ ಜಾಸ್ತಿ.

ಬೆಳಗ್ಗೆ ಸೈನ್ಸ್ ಮ್ಯೂಸಿಯಂಗೆ ಹೋದ್ವಿ, 2008ರಲ್ಲಿ ಶುರುವಾಗಿದ್ದು. ಟೆಸ್ಲಾ ಕಾಯಿಲ್ ಶೋ ಇದ್ರೆ ಬಿಡ್ಬೇಡಿ. 25 ಮೀಟರ್ ಗುಮ್ಮಟದ ಪ್ಲಾನೆಟೇರಿಯಂ ಇದೆ, ಅದಕ್ಕೆ ಬೇರೆ ಟಿಕೆಟ್. ಆದ್ರೆ ನಾನು ಜಾಸ್ತಿ ಹೊತ್ತು ನಿಂತಿದ್ದು ಹಳೇ ಕಾಲದ ಕೊರಿಯಾದ ವಿಜ್ಞಾನ ತೋರಿಸೋ ಹಾಲ್‌ನಲ್ಲಿ, ಚುಗುಗಿ ಮುಂದೆ. ಚುಗುಗಿ ಅಂದ್ರೆ ಮಳೆ ಅಳೆಯೋ ಪಾತ್ರೆ, ಸೇಜಾಂಗ್ ರಾಜನ ಕಾಲದ್ದು, 1441. ಮಾರನೇ ವರ್ಷಾನೇ ಅಳತೆ ಒಂದೇ ಥರ ಮಾಡಿ ಊರೂರಿಗೆ ಕಳಿಸಿ, ಎಲ್ಲಿ ಎಷ್ಟು ಮಳೆ ಬಂತು ಅಂತ ಬರೆದು ಕಳಿಸೋಕೆ ಅಧಿಕಾರಿಗಳಿಗೆ ಹೇಳಿದ್ರಂತೆ, ಬೆಳೆಗೋಸ್ಕರ. ನಾನು ಮೂಡಿಗೆರೆ ಕಡೆಯವಳು, ನಮ್ಮಪ್ಪ ಈಗ್ಲೂ ದಿನಾ ಬೆಳಗ್ಗೆ ಕಾಫಿ ಕುಡಿಯೋ ಮೊದ್ಲು ಅಂಗಳದ ಮಳೆಮಾಪಕ ನೋಡಿ ಇಂಚು, ಸೆಂಟು ಅಂತ ಡೈರಿಲಿ ಬರೀತಾರೆ, ಹೂ ಮಳೆ ಎಷ್ಟು ಬಿತ್ತು ಅನ್ನೋದ್ರ ಮೇಲೆ ಆ ವರ್ಷದ ಕಾಫಿ ಫಸಲು ನಿಂತಿರತ್ತೆ. ಫೋಟೋ ತೆಗೆದು ಕಳಿಸಿದೆ. "ಬಾಯಿ ಎಷ್ಟು ಅಗಲ ಇದೆ ನೋಡು" ಅಂತ ತಕ್ಷಣ ಫೋನ್ ಮಾಡಿದ್ರು!

ಊಟಕ್ಕೆ ವೆಜ್‌ನವರು ಮನೆಯಿಂದಾನೇ ತಗೊಂಡೋಗಿ, ಇದು ಕೊರಿಯಾದಲ್ಲಿ ಎಲ್ಲಿಗೆ ಹೋದ್ರೂ ಅನ್ವಯಿಸೋ ಮಾತು. ನಾವು ಚಿತ್ರಾನ್ನ ಕಟ್ಕೊಂಡು ಹೋಗಿದ್ವಿ.

ಆಮೇಲೆ ಆರ್ಟ್ ಮ್ಯೂಸಿಯಂ. ಸ್ಟೇಷನ್ನಿನ 4ನೇ ಎಕ್ಸಿಟ್ ಹತ್ರ ಶಟಲ್ ಬಸ್ ಸಿಗತ್ತೆ. 1986ರ ಬಿಲ್ಡಿಂಗು, ಒಳಗೆ ಹೋದ್ರೆ ಸುತ್ತಾಕಾರದ ಇಳಿಜಾರು ದಾರಿ, ಅದರ ಮಧ್ಯೆ ವಿಡಿಯೋ ಕಲೆಗೆ ಹೆಸರಾದ ಕಲಾವಿದ ನಾಮ್ ಜುನ್ ಪೈಕ್ ಮಾಡಿದ ಟಿವಿ ಗೋಪುರ. 18.5 ಮೀಟರ್ ಎತ್ತರ, 1,003 ಟಿವಿ, ಯಾಕಂದ್ರೆ ಅಕ್ಟೋಬರ್ 3, ಅಂದ್ರೆ 10ನೇ ತಿಂಗಳ 03, ಕೊರಿಯಾದವರು ತಮ್ಮ ದೇಶ ಹುಟ್ಟಿದ ದಿನ ಅಂತ ಆಚರಿಸ್ತಾರೆ. ಹೆಸರು ದಾದಾಯಿಕ್ಸನ್, ಹೆಚ್ಚಾದಷ್ಟೂ ಒಳ್ಳೇದು ಅಂತ ಅರ್ಥ. 1988ರ ಒಲಿಂಪಿಕ್ಸ್ ಟೈಮಲ್ಲಿ ನಿಲ್ಲಿಸಿದ್ದು.

ಟೈಮ್ ಮಾತ್ರ ನೋಡ್ಕೊಂಡು ಹೋಗಿ. ಹೋದ್ಸಲ ನಾನು ವಿಚಾರಿಸದೇ ಬೆಳಗ್ಗೆ ಹೋಗಿ ಕತ್ತಲೆ ಗೋಪುರ ನೋಡ್ಕೊಂಡು ಬಂದಿದ್ದೆ. ಈ ಸಲ ಗುರುವಾರದಿಂದ ಭಾನುವಾರದ ತನಕ ಮಧ್ಯಾಹ್ನ 2ರಿಂದ 4 ಅಷ್ಟೇ ಆನ್ ಮಾಡ್ತಿದ್ರು. ಹಳೇ ಪಿಕ್ಚರ್ ಟ್ಯೂಬ್‌ಗಳು, ಬಿಸಿಯಾಗಿ ಬೇಗ ಹಾಳಾಗ್ತವೆ, ಹೊಸದು ಸಿಗಲ್ಲ. 2018ರಲ್ಲಿ ಅಪಾಯ ಅಂತ ಪೂರ್ತಿ ಆಫ್ ಮಾಡಿ, ಸೆಕೆಂಡ್ ಹ್ಯಾಂಡ್ ಟಿವಿ ಹುಡುಕಿ ಹುಡುಕಿ 737 ಹಳೇ ಥರಾನೇ ಉಳಿಸ್ಕೊಂಡು, ಸಿಗದೇ ಇದ್ದ 266ಕ್ಕೆ ಎಲ್‌ಸಿಡಿ ಹಾಕಿ 2022ರಲ್ಲಿ ಮತ್ತೆ ಹಚ್ಚಿದ್ರು. ಎಲ್ಲಾನೂ ಕಿತ್ತು ಫ್ಲಾಟ್ ಸ್ಕ್ರೀನ್ ಹಾಕೋದು ಎಷ್ಟು ಸುಲಭ ಇತ್ತು, ಹಂಗೆ ಮಾಡ್ಲಿಲ್ಲ, ಅದೇ ನನಗೆ ತುಂಬಾ ಇಷ್ಟ ಆಗಿದ್ದು. ಬಾಗಿದ ಗಾಜಿನ ಮೇಲೆ ಬರೋ ಆ ಬಣ್ಣ ಬೇರೇನೇ. ನನ್ನ ಒಂಬತ್ತು ವರ್ಷದ ಮಗ ಡಬ್ಬಾ ಟಿವಿ ನೋಡಿದ್ದೇ ಇಲ್ಲ, ಹಿಂದೆ ಅಷ್ಟು ಉದ್ದ ಯಾಕಮ್ಮಾ ಅಂದ. ಎಲೆಕ್ಟ್ರಾನ್ ಹಿಂದಿನಿಂದ ಹಾರಿಬಂದು ಗಾಜಿಗೆ ಬಡಿಬೇಕಲ್ಲ ಕಂದಾ, ಓಡೋಕೆ ಜಾಗ ಬೇಕು ಅಂತ ಹೇಳ್ದೆ. ಅಷ್ಟೂ ಹೊತ್ತು ಕೆಳಗಿನಿಂದ ಮೇಲಕ್ಕೆ ನಾಲ್ಕು ಸಲ ಸುತ್ತು ಹಾಕಿದ.

ಎರಡೂ ಕಡೆ ಸೋಮವಾರ ರಜಾ. ಗೋಪುರ ಆಫ್ ಆದ್ಮೇಲೆ ಹೊರಗಡೆ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಅಲ್ಲಿ ಬೊರೊಫ್ಸ್ಕಿ ಮಾಡಿದ ಹಾಡೋ ಮನುಷ್ಯನ ದೊಡ್ಡ ಮೂರ್ತಿ ಇದೆ, ಬಾಯಿ ಆಡಿಸ್ತಾ ಗುನುಗ್ತಾ ಇರತ್ತೆ, ಬೆಟ್ಟದ ಗಾಳಿ ಬೇರೆ. ನಮ್ಮನ್ನ ಎಬ್ಬಿಸೋಕೆ ಮಗನೇ ಬೇಕಾಯ್ತು.