ನಾಲ್ಕು ಕೋಟೆ, ಒಂದು ಕಾರು, 7,500 ರೂಪಾಯಿ

ಮೊದಲೇ ಹೇಳಿಬಿಡುತ್ತೇನೆ. ಗೋವಾದ ನಾಲ್ಕು ಕೋಟೆ ಒಂದೇ ದಿನ ತೋರಿಸಿದ ಗೈಡ್‌ಗೆ ಐದಕ್ಕೆ ಐದು, ಅವರನ್ನು ಕಳಿಸಿದ ಟೂರ್ ಕಂಪನಿಗೆ ಐದಕ್ಕೆ ಎರಡು. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ, ಇಬ್ಬರಿಗೂ ಅನ್ಯಾಯ ಆಗುತ್ತದೆ.

ನಾನು ವಾಸ್ಕೋದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಊರಿಂದ ಯಾರೇ ಬಂದರೂ ನಮ್ಮದು ಅದೇ ಸವೆದ ದಾರಿ: ಓಲ್ಡ್ ಗೋವಾದ ಚರ್ಚು, ಮಂಗೇಶಿ ದೇವಸ್ಥಾನ, ಕಲಂಗುಟ್ ಬೀಚು, ಸಂಜೆ ಮಾಂಡೋವಿ ನದಿಯಲ್ಲಿ ಬೋಟು. ಈ ಸಲ ವಿಜಯಪುರದಿಂದ ಅಪ್ಪ, ಕುಮಟಾದಿಂದ ಅತ್ತೆ ಒಟ್ಟಿಗೇ ಬಂದರು. ಅಪ್ಪ ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಐವತ್ತು ಜನರ ಟೂರ್ ಬಸ್ಸಿನಲ್ಲಿ ಕೂರಿಸಿದರೆ ತಮಗೇ ಗೊತ್ತಿಲ್ಲದ ಹಾಗೆ ತಲೆ ಎಣಿಸುತ್ತಾ ಕೂರುತ್ತಾರೆ. ಅದಕ್ಕೇ ಬೇರೆಯವರ ಗಲಾಟೆ ಬೇಡ, ನಮ್ಮ ಐದು ಜನಕ್ಕೆ ಮಾತ್ರ ಅಂತ ಒಂದು ಕಾರು, ಒಬ್ಬರು ಗೈಡ್ ಬುಕ್ ಮಾಡಿದೆ. ರೇಯಿಶ್ ಮಾಗುಶ್, ಅಗ್ವಾದ, ಶಾಪೋರಾ, ಕೊನೆಗೆ ತೆರೆಖೋಲ್. ಮಾಂಡೋವಿಯಿಂದ ಮಹಾರಾಷ್ಟ್ರದ ಗಡಿವರೆಗೆ ಕಡಲ ಅಂಚಿನಲ್ಲೇ ಒಂದು ದಿನ. 7,500 ರೂಪಾಯಿ. ಊಟ, ಟಿಕೆಟ್ಟು, ಪಾರ್ಕಿಂಗ್ ನಮ್ಮದೇ. ಪಾರ್ಕಿಂಗ್ ನಮ್ಮದು ಅನ್ನುವುದನ್ನು ಮಾತ್ರ ಸಂಜೆ ಹೇಳಿದರು.

ಏಳೂವರೆಗೆ ಅಂದಿದ್ದ ಕಾರು ಬಂದಿದ್ದು ಎಂಟು ನಲವತ್ತಕ್ಕೆ. ಇನ್ನೋವಾ ಅಂತ ಮಾತಾಗಿತ್ತು, ಬಂದಿದ್ದು ಸಿಎನ್‌ಜಿ ಎರ್ಟಿಗಾ. ಡ್ರೈವರ್, ಗೈಡ್ ಸೇರಿ ಏಳು ಜನ. ಹಿಂದೆ ಸಿಲಿಂಡರ್ ಇರುವುದರಿಂದ ಬ್ಯಾಗ್ ಇಡಲು ಜಾಗವಿಲ್ಲ. ನಾನು, ಮಗಳು ಕೊನೆಯ ಸೀಟಿನಲ್ಲಿ ಮೊಣಕಾಲು ಎದೆಗೆ ಹಚ್ಚಿಕೊಂಡು, ಮಡಿಲಲ್ಲಿ ನೀರಿನ ಬಾಟಲಿ, ಅತ್ತೆಯ ಚಕ್ಕುಲಿ ಡಬ್ಬಿ ಇಟ್ಟುಕೊಂಡು ಕೂತೆವು. ಕಂಪನಿಗೆ ಫೋನ್ ಮಾಡಿದರೆ, ‘ಸರ್, ಅದೂ ಸೆವೆನ್ ಸೀಟರೇ ಅಲ್ವಾ’ ಅನ್ನುವ ಉತ್ತರ.

ಸಿಟ್ಟು ಇಳಿದಿದ್ದು ಪಣಜಿಯ ಸೇತುವೆ ದಾಟಿದ ಮೇಲೆ. ಗೈಡ್ ಐವತ್ತರ ಆಸುಪಾಸಿನ ಹೆಂಗಸು, ಉತ್ತರ ಗೋವಾದ ಪೆಡ್ನೆ ಕಡೆಯವರು. ನಮ್ಮ ಜೊತೆ ಹಿಂದಿ, ಅತ್ತೆಯ ಜೊತೆ ಕೊಂಕಣಿ. ಕಾರಿನಲ್ಲಿ ಅವರು ಹೇಳಿದ್ದು ಒಂದೇ ಮಾತು: ಇವತ್ತು ಕೋಟೆ ನೋಡಬೇಡಿ, ನದಿ ನೋಡಿ. ಒಂದೊಂದು ನದಿ ಸಮುದ್ರ ಸೇರುವ ಕಡೆ ಒಂದೊಂದು ಬೀಗ ಹಾಕಿದ್ದಾರೆ, ಯಾರು ಹಾಕಿದರು, ಯಾರು ಮುರಿದರು ಅಷ್ಟೇ ಕಥೆ. ಅತ್ತೆ ತಕ್ಷಣ, ‘ಅಳಿವೆ ಅನ್ನಿ, ನಮ್ಮಲ್ಲಿ ಅಘನಾಶಿನಿ ಅಳಿವೆ ಇಲ್ವಾ, ಹಾಗೇ’ ಅಂದರು. ಅಲ್ಲಿಂದ ಇಬ್ಬರೂ ದೋಸ್ತಿ.

ರೇಯಿಶ್ ಮಾಗುಶ್ ಪಣಜಿಯ ಎದುರು ದಂಡೆಯಲ್ಲಿದೆ, ಮಾಂಡೋವಿ ಇಕ್ಕಟ್ಟಾಗುವ ಜಾಗದಲ್ಲಿ. ಸಣ್ಣ ಕೋಟೆ. ಪೋರ್ಚುಗೀಸರು 1551ರಲ್ಲಿ ಕಟ್ಟಿದ್ದು. ಅದಕ್ಕೂ ಮುಂಚೆ ಅಲ್ಲಿ ಇದ್ದದ್ದು ಬಿಜಾಪುರದ ಆದಿಲ್ ಶಾಹಿಗಳ ಕಾವಲು ಠಾಣೆ. ಬಿಜಾಪುರ ಅಂದಿದ್ದೇ ತಡ, ಅಪ್ಪ ಮುಂದೆ ಬಂದು ಗೈಡ್ ಪಕ್ಕದಲ್ಲೇ ನಿಂತರು. 1510ರಲ್ಲಿ ಪೋರ್ಚುಗೀಸ್ ಸೇನಾಪತಿ ಆಲ್ಬುಕರ್ಕ್ ಗೋವಾ ಕಿತ್ತುಕೊಂಡಿದ್ದು ಆದಿಲ್ ಶಾಹಿಗಳ ಕೈಯಿಂದ. ನದಿಯ ಆಚೆ ಪಣಜಿಯಲ್ಲಿ ಕಾಣುವ ಹಳೇ ಸೆಕ್ರೆಟರಿಯೇಟ್ ಕಟ್ಟಡ ಮೊದಲು ಆದಿಲ್ ಶಾಹನ ಅರಮನೆ. ಹನ್ನೊಂದು ವರ್ಷ ಅದರ ಮುಂದೆ ಸ್ಕೂಟರ್ ಓಡಿಸಿದ್ದೇನೆ, ನನಗೆ ಗೊತ್ತಿರಲಿಲ್ಲ. 1993ರವರೆಗೆ ಕೋಟೆ ಜೈಲಾಗಿತ್ತಂತೆ, ದುರಸ್ತಿ ಮಾಡಿ ಜನರಿಗೆ ಬಿಟ್ಟಿದ್ದು 2012ರಲ್ಲಿ. ಒಳಗೆ ಗೋವಾದ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಅವರ ಚಿತ್ರಗಳಿವೆ. ಮಗಳು ಅಲ್ಲಿಂದ ಏಳಲು ತಯಾರಿಲ್ಲ. ಬಾಗಿಲ ಮೇಲೆ ಒಂದು ತೂತಿದೆ, ನುಗ್ಗಿ ಬಂದವರ ತಲೆ ಮೇಲೆ ಕಾದ ಎಣ್ಣೆ ಸುರಿಯುವುದಕ್ಕೆ. ಅದನ್ನು ಕೇಳಿದ ಮೇಲೆ ಆ ಬಾಗಿಲಲ್ಲಿ ಎಲ್ಲರೂ ಸ್ವಲ್ಪ ಬೇಗ ಬೇಗ ನಡೆದೆವು.

ಅಗ್ವಾದದ ಬಗ್ಗೆ ಎಲ್ಲರೂ ಬರೆದಿದ್ದಾರೆ. 1612, ಕೆಂಪು ಜಂಬಿಟ್ಟಿಗೆ ಕಲ್ಲು, 1864ರ ದೀಪಸ್ತಂಭ, ಸೆಲ್ಫಿ ಜಾತ್ರೆ. ನಮ್ಮ ಗೈಡ್ ದೀಪಸ್ತಂಭವನ್ನು ಎರಡು ಮಾತಿನಲ್ಲಿ ಮುಗಿಸಿ ಬರೀ ಅಂಗಳದ ನಡುವೆ ನಿಲ್ಲಿಸಿದರು. ಬಿಸಿಲು ಸುಡುತ್ತಿತ್ತು. ‘ನೀವು ನಿಂತಿರುವುದು ತೊಟ್ಟಿಯ ಮೇಲೆ’ ಅಂದರು. ಅಗ್ವಾ ಅಂದರೆ ನೀರು. ಲಿಸ್ಬನ್‌ನಿಂದ ತಿಂಗಳುಗಟ್ಟಲೆ ಕಡಲಲ್ಲಿ ಬಂದ ಹಡಗುಗಳು ಇಲ್ಲಿ ಸಿಹಿನೀರು ತುಂಬಿಕೊಳ್ಳುತ್ತಿದ್ದವು. ತೊಟ್ಟಿಯ ಅಳತೆ 23,76,000 ಗ್ಯಾಲನ್, ಹೆಚ್ಚು ಕಡಿಮೆ ಒಂದು ಕೋಟಿ ಲೀಟರ್. ಅಪ್ಪ ಚಪ್ಪಲಿ ಕಾಲಿನಿಂದ ನೆಲವನ್ನು ಎರಡು ಸಲ ಕುಟ್ಟಿ ನೋಡಿದರು.

‘ಇದರ ಕೆಳಗ ಅಷ್ಟೂ ನೀರ ನಿಲ್ತಿತ್ತೇನ್ರೀ ಅಕ್ಕಾರ?’

ಹೂಂ ಅಂದರು ಗೈಡ್, ಅಕ್ಕಾರ ಅನ್ನುವ ಪದ ಏನು ಅಂತ ಅತ್ತೆಯನ್ನು ಕೇಳಿ ನಕ್ಕರು. ಆಮೇಲೆ ಅಪ್ಪ ವಿಜಯಪುರದ ತಾಜ್ ಬಾವಡಿಯ ಕಥೆ ಶುರು ಮಾಡಿದರು. ಊರಿಗೇ ನೀರು ಕುಡಿಸಿದ ಬಾವಿ, ನೋಡೋಕೆ ಬರ್ರಿ ಅಂತ ಆಹ್ವಾನವನ್ನೂ ಕೊಟ್ಟರು. ಹತ್ತು ನಿಮಿಷ ಗೈಡ್ ಸುಮ್ಮನೆ ಕೇಳಿದರು. ಗಡಿಯಾರ ನೋಡಲಿಲ್ಲ. ನಾನು ದುಡ್ಡು ಕೊಟ್ಟಿದ್ದು ಇದಕ್ಕೇ ಅಂತ ಆಗ ಅನಿಸಿತು. ಕೆಳಗಿನ ಜೈಲು ಮ್ಯೂಸಿಯಂ ಮಾತ್ರ ಓಡೋಡಿ ನೋಡಬೇಕಾಯಿತು. 1946ರಲ್ಲಿ ರಾಮಮನೋಹರ ಲೋಹಿಯಾ ಅವರನ್ನು ಪೋರ್ಚುಗೀಸರು ಕೂಡಿಹಾಕಿದ್ದ ಜಾಗ, ಒಂದು ಗಂಟೆ ಬೇಕೇ ಬೇಕು. ಆ ಒಂದು ಗಂಟೆಯನ್ನು ಬೆಳಿಗ್ಗೆಯೇ ಕಾರಿನವರು ತಿಂದಿದ್ದರು.

ಇಲ್ಲಿಂದ ಮುಂದೆ ಡ್ರೈವರ್ ಕೇಳದೆಯೇ ಒಂದು ಗೋಡಂಬಿ ಅಂಗಡಿ ಮುಂದೆ ನಿಲ್ಲಿಸಿದ. ಕಮಿಷನ್ ವ್ಯವಹಾರ ಅಂತ ಎಲ್ಲರಿಗೂ ಗೊತ್ತು. ಗೈಡ್ ಒಳಗೆ ಬರಲಿಲ್ಲ, ಕಿಟಕಿ ಕಡೆ ಮುಖ ಮಾಡಿ ಕೂತರು, ಅದೇ ನಮಗೆ ಸೂಚನೆ. ಅತ್ತೆಗೆ ಸೂಚನೆ ಹತ್ತಲಿಲ್ಲ. ಅರ್ಧ ಕಿಲೋ ತಗೊಂಡರು. ಎರಡು ದಿನ ಬಿಟ್ಟು ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಅದೇ ಸೈಜಿನದು ಎಷ್ಟಕ್ಕೆ ಸಿಕ್ಕಿತು ಅಂತ ನಾನು ಅವರಿಗೆ ಇನ್ನೂ ಹೇಳಿಲ್ಲ.

ಶಾಪೋರಾ ಹತ್ತುವ ಹೊತ್ತಿಗೆ ನಡುಮಧ್ಯಾಹ್ನ. ಕಲ್ಲುಪುಡಿಯ ಏರು, ಜಾರುತ್ತದೆ, ಮಂಡಿ ನೋವಿನವರು ಕೆಳಗೇ ಇರಿ. ಅತ್ತೆ ಕೆಳಗೇ ಉಳಿದರು. ಹಳೇ ಹೆಸರು ಶಾಹಪುರ, ಅದೂ ಆದಿಲ್ ಶಾಹಿಗಳ ಕಾಲದ್ದು ಅನ್ನುತ್ತಾರೆ. ಈಗ ಕಾಣುವ ಗೋಡೆ ಪೋರ್ಚುಗೀಸರು 1717ರಲ್ಲಿ ಮತ್ತೆ ಕಟ್ಟಿದ್ದು, ಯಾಕೆಂದರೆ ಅದಕ್ಕೂ ಮುಂಚೆ 1684ರಲ್ಲಿ ಸಂಭಾಜಿಯ ಮರಾಠರು ಕೋಟೆ ಹಿಡಿದಿದ್ದರು. ಒಳಗೆ ಏನೂ ಇಲ್ಲ, ಹುಲ್ಲು, ನಾಲ್ಕು ಗೋರಿ, ಗಾಳಿ. ಇಲ್ಲಿ ಶೂಟಿಂಗ್ ಆದ ‘ದಿಲ್ ಚಾಹ್ತಾ ಹೈ’ ಹಿಂದಿ ಸಿನಿಮಾದ ವಿಷಯ ಹೇಳಿ ಅಂತ ಪಕ್ಕದ ಗುಂಪಿನ ಹುಡುಗ ನಮ್ಮ ಗೈಡ್‌ನ ಕೇಳಿದ. ‘ಹೌದು, ಆ ಗೋಡೆ ಮೇಲೆ ಕೂತಿದ್ದರು’ ಅಂದು ನಮ್ಮನ್ನು ಇನ್ನೊಂದು ಮೂಲೆಗೆ ಕರೆದೊಯ್ದರು. ಅಲ್ಲಿಂದ ಶಾಪೋರಾ ನದಿಯ ಅಳಿವೆ ಪೂರ್ತಿ ಕಾಣುತ್ತದೆ. ನದಿಯ ಈಚೆ ಬಾರ್ದೇಶ್ ತಾಲ್ಲೂಕು, ಪೋರ್ಚುಗೀಸರದು. ಆಚೆ ದಂಡೆಯ ಪೆಡ್ನೆ ಅವರ ಕೈಗೆ ಬಂದಿದ್ದು 1788ರಲ್ಲಿ. ಅಂದರೆ ಹತ್ತಿರ ಹತ್ತಿರ ಇನ್ನೂರೈವತ್ತು ವರ್ಷ ಈ ನೀರೇ ಗಡಿ. ‘ನಮ್ಮ ಮನೆ ಆ ಕಡೆ’ ಅಂತ ಬೆರಳು ತೋರಿಸಿದರು.

ಊಟ ಕೇರಿ ಅನ್ನುವ ಊರಿನ ಹತ್ತಿರ. ಮೀನಿನ ಥಾಲಿ ಚೆನ್ನಾಗಿತ್ತು, ಸೋಲ್‌ಕಡಿ ಎರಡು ಲೋಟ ಕುಡಿದೆ, ಒಣ ಸಿಗಡಿಯ ಕಿಸ್ಮೂರಿಗೆ ಅತ್ತೆ ನೂರಕ್ಕೆ ತೊಂಬತ್ತು ಅಂಕ ಕೊಟ್ಟರು. ಅಪ್ಪ ಸಸ್ಯಾಹಾರಿ, ಬುಕಿಂಗ್‌ನಲ್ಲಿ ಬರೆದಿದ್ದೆ, ಯಾರೂ ಹೋಟೆಲ್‌ಗೆ ತಿಳಿಸಿರಲಿಲ್ಲ. ಅನ್ನ, ದಾಲು, ಉಪ್ಪಿನಕಾಯಿ ತಿಂದು ಎದ್ದರು. ಕಂಪನಿಗೆ ಇನ್ನೊಂದು ಅಂಕ ಕಟ್.

ತೆರೆಖೋಲ್‌ಗೆ ಕೇರಿಯಿಂದ ಫೆರಿಯಲ್ಲಿ ನದಿ ದಾಟಬೇಕು. ನಾವು ಹೋದಾಗ ಇಳಿತ, ಫೆರಿ ದಡಕ್ಕೆ ಬರುತ್ತಿಲ್ಲ. ಗೈಡ್‌ಗೆ ಇದು ಮುಂಚೆಯೇ ಗೊತ್ತಿತ್ತು, ಊಟ ನಿಧಾನ ಮಾಡಿಸಿದ್ದೂ ಅದಕ್ಕೇ. ನೀರು ಏರುವವರೆಗೆ ಮುಕ್ಕಾಲು ಗಂಟೆ ಗಾಳಿಮರದ ನೆರಳಲ್ಲಿ ಕೂತು ಚಕ್ಕುಲಿ ತಿಂದೆವು. ಫೆರಿ ಹತ್ತಿದ ಮೇಲೆ ಅಪ್ಪ ಶರ್ಟಿನ ಜೇಬಿಂದ ಚಿಲ್ಲರೆ ತೆಗೆದು ಕೈಯಲ್ಲಿ ಹಿಡಿದು ನಿಂತರು. ಯಾರೂ ಬರಲಿಲ್ಲ. ನಡೆದು ಹತ್ತುವವರಿಗೆ ಟಿಕೆಟ್ಟೇ ಇಲ್ಲ ಅಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. ಇಳಿಯುವವರೆಗೂ ಆ ಚಿಲ್ಲರೆ ಕೈಯಲ್ಲೇ ಇತ್ತು.

ತೆರೆಖೋಲ್ ಊರು ನದಿಯ ಆಚೆ ದಂಡೆಯಲ್ಲಿ, ಸುತ್ತ ಮಹಾರಾಷ್ಟ್ರ, ಆದರೂ ಗೋವಾದ್ದು. ಕೋಟೆ ಸಾವಂತವಾಡಿಯ ಭೋಸಲೆಗಳು ಕಟ್ಟಿದ್ದು, ಪೋರ್ಚುಗೀಸರು 1746ರಲ್ಲಿ ಕಿತ್ತುಕೊಂಡರು. ಒಳಗೆ ಸಂತ ಅಂತೋನಿಯ ಪುಟ್ಟ ಚರ್ಚು. 1954ರ ಆಗಸ್ಟ್ 15ರಂದು ಸತ್ಯಾಗ್ರಹಿಗಳು ಇಲ್ಲಿಗೆ ನುಗ್ಗಿ ಭಾರತದ ಬಾವುಟ ಹಾರಿಸಿದರು, ಆಮೇಲೆ ಅವರನ್ನು ಹಿಡಿದರು. ಗೋವಾ ಬಿಡುಗಡೆಗೆ ಇನ್ನೂ ಏಳು ವರ್ಷ ಇತ್ತು. ಗೋಡೆ ಮೇಲೆ ನಿಂತರೆ ಕೆಳಗೆ ಅಳಿವೆ, ಎದುರು ಕೇರಿಯ ಮರಳು. ಯಾರೂ ಫೋಟೋ ತೆಗೆಯಲಿಲ್ಲ, ಎಲ್ಲರ ಫೋನೂ ಸತ್ತಿತ್ತು. ಕಾರಿನಲ್ಲಿ ಚಾರ್ಜರ್ ಕೂಡ ಇರಲಿಲ್ಲ, ಬರೆದುಕೊಳ್ಳಿ.

ಹಾಗಾದರೆ ಹೋಗಬಹುದಾ ಅಂತ ಕೇಳಿದರೆ, ಹೋಗಿ. ಬುಕ್ ಮಾಡುವಾಗ ಕಾರಿನ ಹೆಸರು, ಹೊರಡುವ ಹೊತ್ತು, ಪಾರ್ಕಿಂಗ್ ಯಾರದು, ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಅಂಗಡಿಗೆ ನಿಲ್ಲಿಸಬೇಡಿ ಅಂತಲೂ. ನಾಲ್ಕು ಕೋಟೆ ಒಂದೇ ದಿನಕ್ಕೆ ಜಾಸ್ತಿ ಆಯಿತು, ವಯಸ್ಸಾದವರಿದ್ದರೆ ಶಾಪೋರಾ ಬಿಡಿ.

ನಾವು ಮುಂದಿನ ಸಲ ದಕ್ಷಿಣಕ್ಕೆ, ಕಾಬೋ ದ ರಾಮಾ ಕೋಟೆಗೆ. 1763ರವರೆಗೆ ಅದು ಶಿರಸಿ ಪಕ್ಕದ ನಮ್ಮ ಸೋದೆ ಅರಸರದು ಅಂತ ವಾಪಸ್ ಬರುವಾಗ ಗೈಡ್ ಹೇಳಿದರು. ಸೋದೆ ಅಂದರೆ ವಾದಿರಾಜರ ಮಠ ಅಷ್ಟೇ ಅಂದುಕೊಂಡಿದ್ದ ಅತ್ತೆ ಮುಂದಿನ ಸೀಟಿನ ಕಡೆ ಬಗ್ಗಿ ಕೊಂಕಣಿಯಲ್ಲಿ ಏನೋ ಕೇಳಿದರು. ಮನೆಗೆ ಬಂದ ಮೇಲೆ ಗೊತ್ತಾಯಿತು, ತಾರೀಖು ಆಗಲೇ ನಿಗದಿ ಮಾಡಿಕೊಂಡಿದ್ದಾರೆ. ಕಾರು ಮಾತ್ರ ನಾನು ನೋಡಬೇಕಂತೆ.