ಹಿಪ್ ಆಪರೇಷನ್ ಆದಮೇಲೂ ಬಿಡದ ನೋವು: ಸರ್ಜಿಕಲ್ ಅಂಗಡಿಯಲ್ಲಿ ಏನು ಕೊಳ್ಳಬೇಕು, ಏನು ಬಿಡಬೇಕು

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಒಂದು ಸರ್ಜಿಕಲ್ ಅಂಗಡಿಗೆ ಹೋಗಿ "ಸೊಂಟದ ಆಪರೇಷನ್ ಆಗಿದೆ, ನೋವು ಬಿಡ್ತಿಲ್ಲ, ಏನಾದ್ರೂ ಕೊಡಿ" ಅಂದರೆ ಕೈಗೆ ಬರುವುದು ಬಹುಪಾಲು ಬೆನ್ನುನೋವಿನವರು ನಡುವಿಗೆ ಸುತ್ತಿಕೊಳ್ಳುವ ಎಲ್‌.ಎಸ್‌. ಬೆಲ್ಟ್. ಇದರಲ್ಲಿ ಅಂಗಡಿಯವರದು ಅರ್ಧ ತಪ್ಪು, ಇನ್ನರ್ಧ ನಮ್ಮ ಮಾತಿನದು. ಸೊಂಟ ಎಂದರೆ ನಮಗೆ ನಡು. ಆಪರೇಷನ್ ಮಾಡಿ ಬದಲಿಸಿ ಕೃತಕವಾದದ್ದನ್ನು ಕೂರಿಸಿರುವ ಕೀಲು ಇರುವುದು ಅದಕ್ಕಿಂತ ಒಂದು ಗೇಣು ಕೆಳಗೆ, ತೊಡೆಸಂದಿನ ಆಳದಲ್ಲಿ. ಬೆಲ್ಟ್ ನಡುವನ್ನು ಬಿಗಿಯುತ್ತದೆ, ಕೀಲಿಗೆ ಏನೂ ಮಾಡುವುದಿಲ್ಲ. ಕೂತಾಗ ಅದರ ಕೆಳ ಅಂಚು ತೊಡೆಸಂದಿಗೆ ಒತ್ತುವುದೊಂದೇ ಲಾಭ. ಆದ್ದರಿಂದ ಅಂಗಡಿಯಲ್ಲಿ "ಚಪ್ಪೆ ಕೀಲು" ಅನ್ನಿ, ಇಲ್ಲವೇ ನೋವಿರುವ ಕಡೆ ಬೆರಳಿಟ್ಟು ತೋರಿಸಿ.

ಬೆರಳು ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಯಾವ ಸಾಮಾನು ಬೇಕು ಎಂಬುದೂ ನಿಂತಿದೆ. ತೊಡೆಯ ಹೊರಬದಿಯಲ್ಲಿ ಉಬ್ಬಿರುವ ಎಲುಬಿನ ಮೇಲೆ, ಅದರಲ್ಲೂ ಆ ಮಗ್ಗುಲಿಗೆ ಮಲಗಿದಾಗ ನೋವು ಬಂದರೆ ಅದು ಸಾಮಾನ್ಯವಾಗಿ ಪಿರ್ರೆಯ ಸ್ನಾಯುಗಳ ತುದಿಯದು. ಕಾಲನ್ನು ಎತ್ತಿ ಕಾರಿಗೋ ಜೀಪಿಗೋ ಇಡುವಾಗ ತೊಡೆಸಂದಿನಲ್ಲಿ ಚುಚ್ಚಿದರೆ, ಕಾಲೆತ್ತುವ ಸ್ನಾಯು ಕೃತಕ ಕೀಲಿನ ಹೊಸ ಬಟ್ಟಲಿನ ಅಂಚಿಗೆ ಉಜ್ಜುತ್ತಿರಬಹುದು. ಎದ್ದು ಮೊದಲ ನಾಲ್ಕು ಹೆಜ್ಜೆ ತೊಡೆಯ ನಡುಭಾಗ ನೋಯುವುದು ತೊಡೆಮೂಳೆಯೊಳಗೆ ಇಳಿಸಿದ ಲೋಹದ ಕಾಂಡಕ್ಕೆ ಸಂಬಂಧಿಸಿದ್ದು. ಮೊದಲ ವರ್ಷದಲ್ಲಿ ಇದು ಕ್ರಮೇಣ ಕಡಿಮೆಯಾಗುತ್ತಾ ಹೋಗಬೇಕು. ಪಿರ್ರೆಯಿಂದ ಶುರುವಾಗಿ ಮಂಡಿಯ ಕೆಳಗಿನವರೆಗೆ ಹರಿಯುವ ನೋವು ಹೆಚ್ಚಾಗಿ ಬೆನ್ನಿನದು. ಅದಕ್ಕೆ ಇಲ್ಲಿ ಹೇಳುವ ಯಾವ ಸಾಮಾನೂ ಉತ್ತರವಲ್ಲ.

ಈಗ ಸಾಮಾನುಗಳಿಗೆ ಬರೋಣ. ಕೊಟ್ಟ ದುಡ್ಡಿಗೆ ಅತಿ ಹೆಚ್ಚು ನೋವು ಇಳಿಸುವುದು ಊರುಗೋಲು. ಕೆಲವು ನೂರು ರೂಪಾಯಿಯ ಅಲ್ಯೂಮಿನಿಯಂ ಕೋಲು ಸಾಕು. ಹಾಗಿದ್ದೂ ಜನ ಬೇಗ ಎಸೆಯುವುದು ಇದನ್ನೇ. "ಆಪರೇಷನ್ ಮಾಡಿಸಿಯೂ ಕೋಲು ಹಿಡೀಬೇಕಾ" ಎಂಬ ನಾಚಿಕೆ ಒಂದು ಕಾರಣ, ತಪ್ಪು ಕೈಯಲ್ಲಿ ಹಿಡಿದು ಪ್ರಯೋಜನ ಕಾಣದಿರುವುದು ಇನ್ನೊಂದು. ಬಲಗಡೆ ಆಪರೇಷನ್ ಆಗಿದ್ದರೆ ಕೋಲು ಎಡಗೈಯಲ್ಲಿರಬೇಕು. ಬಲಗಾಲಿನ ಮೇಲೆ ಭಾರ ಬಿದ್ದಾಗ ಎಡಗಡೆ ಕುಸಿಯದಂತೆ ಹಿಡಿದಿಡುವುದು ಬಲ ಪಿರ್ರೆಯ ಸ್ನಾಯು. ಅದಕ್ಕೆ ಸಿಗುವ ಸನ್ನೆ, ಅಂದರೆ ಮೀಟುಗೋಲು, ಬಹಳ ಗಿಡ್ಡ, ಹಾಗಾಗಿ ಅದು ದೇಹದ ಭಾರಕ್ಕಿಂತ ಹೆಚ್ಚು ಬಲ ಹಾಕಿ ಎಳೆಯಬೇಕಾಗುತ್ತದೆ. ಭಾರವೂ ಎಳೆತವೂ ಸೇರಿ, ಸುಮ್ಮನೆ ನಡೆಯುವಾಗಲೇ ಕೀಲಿನ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಬೀಳುತ್ತದೆ. 60 ಕಿಲೋ ಇರುವವರ ಕೀಲಿಗೆ 150 ಕಿಲೋ. ಎದುರು ಕೈಯ ಕೋಲು ಕೀಲಿನಿಂದ ದೂರ ಇರುವುದರಿಂದ ಅದರ ಸನ್ನೆ ಉದ್ದ. ಅಲ್ಲಿ ಸ್ವಲ್ಪ ಊರಿದರೂ ಸ್ನಾಯುವಿನ ಕೆಲಸ ಬಹಳಷ್ಟು ಇಳಿಯುತ್ತದೆ. ನೋಯುವ ಕಡೆಯ ಕೈಯಲ್ಲೇ ಹಿಡಿದರೆ ಈ ಲೆಕ್ಕವೇ ತಲೆಕೆಳಗು.

ಎತ್ತರ ಹೀಗೆ ನೋಡಿ: ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಬರುವಲ್ಲಿ ಕೋಲಿನ ಹಿಡಿ ಬರಬೇಕು. ಹಿಡಿದಾಗ ಮೊಣಕೈ ಕೊಂಚ ಬಾಗಿರಬೇಕು. ಕೋಲಿನ ತೂತುಗಳು ಸಾಮಾನ್ಯವಾಗಿ ಒಂದೊಂದು ಇಂಚಿಗೆ ಇರುತ್ತವೆ, ನಮ್ಮ ಚಪ್ಪಲಿಯ ದಪ್ಪವೂ ಸುಮಾರು ಅಷ್ಟೇ. ಅಂಗಡಿಯಲ್ಲಿ ಚಪ್ಪಲಿ ಹಾಕಿಕೊಂಡು ಅಳೆಸಿದ ಕೋಲು ಬರಿಗಾಲಲ್ಲಿ ಓಡಾಡುವ ಮನೆಯೊಳಗೆ ಒಂದು ತೂತು ಎತ್ತರವಾಗಿ ಹೆಗಲು ನೋಯಿಸುತ್ತದೆ. ದಿನದಲ್ಲಿ ಹೆಚ್ಚು ಎಲ್ಲಿ ನಡೆಯುತ್ತೀರೋ ಅದಕ್ಕೆ ಹೊಂದಿಸಿ. ಗುಂಡಿ ಸಿಕ್ಕಿಸಿದ ಮೇಲೆ ಕೆಳಗಿನ ಬಿಗಿತದ ಬಳೆಯನ್ನು ತಿರುಗಿಸಲು ಮರೆಯಬೇಡಿ, ಇಲ್ಲದಿದ್ದರೆ ಹೆಜ್ಜೆಗೊಮ್ಮೆ ಟಕಟಕ.

ನಾಲ್ಕು ಕಾಲಿನ ಕೋಲನ್ನು ಅಂಗಡಿಯವರು "ಸೇಫ್ಟಿ ಜಾಸ್ತಿ" ಎಂದು ಮುಂದಿಡುತ್ತಾರೆ. ಟೈಲ್ಸ್ ನೆಲದ ಹೊಸ ಮನೆಗೆ ಸರಿ. ಸಕಲೇಶಪುರ, ಮೂಡಿಗೆರೆ ಕಡೆಯ ಕಲ್ಲುಹಾಸಿನ ಅಂಗಳಕ್ಕೆ, ಕಾಫಿ ಕಣಕ್ಕೆ, ಕಿರಿದಾದ ಮೆಟ್ಟಿಲಿಗೆ ಬೇಡ. ನಾಲ್ಕೂ ಕಾಲು ಒಟ್ಟಿಗೆ ಕೂರದಿದ್ದರೆ ಅದು ಒಂಟಿ ಕೋಲಿಗಿಂತ ಕಡೆ. ಯಾವುದನ್ನೇ ಕೊಂಡರೂ ತುದಿಯ ರಬ್ಬರ್ ಬುಷ್ ಒಂದೆರಡು ಹೆಚ್ಚಿಗೆ ತಗೊಳ್ಳಿ. 19 ಮಿಲಿಮೀಟರ್ ಒಳ ಅಳತೆಯದು ಸಾಮಾನ್ಯ, ಆದರೂ ಕೋಲು ಒಯ್ದು ಹಾಕಿ ನೋಡಿಯೇ ತನ್ನಿ. ತಳದ ಉಂಗುರಗೆರೆ ಸವೆದು ನುಣುಪಾದ ದಿನವೇ ಬದಲಿಸಬೇಕು. ಮಳೆಗಾಲದ ಪಾಚಿಯ ಮೇಲೂ ಒದ್ದೆಯಾದ ಕೆಂಪು ಗಾರೆ ನೆಲದ ಮೇಲೂ ಸವೆದ ಬುಷ್ ಸೋಪಿನಂತೆ ಜಾರುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಕೋಲೂ ಆಪರೇಷನ್ ಆದ ಕಾಲೂ ಮೊದಲು. ತೊಟ್ಟಿಮನೆಯ ಎತ್ತರದ ಹೊಸಿಲಿಗೂ ಇದೇ ಕ್ರಮ. (ಶ್ರವಣಬೆಳಗೊಳದ ಆರುನೂರಕ್ಕೂ ಹೆಚ್ಚಿನ ಮೆಟ್ಟಿಲಿಗೆ ಈ ಸೂತ್ರ ಸಾಲದು. ಹರಕೆ ಇದ್ದರೆ ಸರ್ಜನ್ನರ ಒಪ್ಪಿಗೆ ಸಿಗುವವರೆಗೆ ಬಾಹುಬಲಿ ಕಾಯುತ್ತಾನೆ.)

ಎರಡನೆಯದು ಕಮೋಡ್ ರೈಸರ್, ಅಂದರೆ ಕಮೋಡಿನ ಮೇಲೆ ಕೂರಿಸಿ ಸೀಟು ಎತ್ತರಿಸುವ ಸಾಮಾನು. ತಗ್ಗಾದ ಕಡೆ ಕೂತು ಏಳುವಾಗ ಕೀಲು 90 ಡಿಗ್ರಿಗಿಂತ ಹೆಚ್ಚು ಮಡಚುತ್ತದೆ. ಹಿಂಬದಿಯಿಂದ ಕೊಯ್ದು ಮಾಡಿದ ಆಪರೇಷನ್ನಿನಲ್ಲಿ ಮೊದಲ ವಾರಗಳಲ್ಲಿ ಇದು ಕೀಲು ಜಾರಿಸುವ ಭಂಗಿ. ಆ ಅವಧಿ ಮುಗಿದ ಮೇಲೂ ತೊಡೆಸಂದಿನ ನೋವನ್ನು ದಿನಕ್ಕೆ ಹತ್ತು ಸಲ ಕೆಣಕುವುದು ಈ ತಗ್ಗೇ. ಸಾಮಾನ್ಯ ಕಮೋಡಿನ ಎತ್ತರ 15-16 ಇಂಚು. ನಿಂತುಕೊಂಡು ನೆಲದಿಂದ ಮಂಡಿಯ ಹಿಂದಿನ ಮಡಿಕೆವರೆಗೆ ಅಳೆಸಿ, ಅದಕ್ಕಿಂತ ಸುಮಾರು ಎರಡು ಇಂಚು ಮೇಲೆ ಸೀಟು ಬರುವಂತೆ ರೈಸರ್ ಆರಿಸಿ. 2, 4, 6 ಇಂಚಿನವು ಸಿಗುತ್ತವೆ. ಗಿಡ್ಡ ಮೈಕಟ್ಟಿನವರಿಗೆ 6 ಇಂಚು ಹಾಕಿದರೆ ಕಾಲು ನೇತಾಡುತ್ತದೆ, ಅದೂ ಅಪಾಯವೇ.

ಕ್ಲ್ಯಾಂಪ್ ಇಲ್ಲದ ರೈಸರ್ ಅಗ್ಗ, ಆದರೆ ತೊಳೆದುಕೊಳ್ಳಲು ಒಂದು ಕಡೆಗೆ ವಾಲಿದಾಗ ಸರಿದುಬಿಡುತ್ತದೆ. ಹ್ಯಾಂಡ್‌ಶವರಿನ ನೀರು ಬಿದ್ದ ಮೇಲಂತೂ ಕೇಳಲೇಬೇಡಿ. ಮುಂದೆ ತಿರುಗಣೆಯ ಕ್ಲ್ಯಾಂಪ್ ಇರುವುದನ್ನೇ ಕೊಳ್ಳಿ. ನಿಮ್ಮ ಕಮೋಡಿನ ಬಾಯಿ ದುಂಡಗಿದೆಯೋ ಮೊಟ್ಟೆಯಾಕಾರವೋ ಎಂದು ಫೋನಿನಲ್ಲಿ ಫೋಟೊ ತೆಗೆದು, ಅಗಲ ಉದ್ದ ಅಳೆದು ಒಯ್ಯಿರಿ. ಆಕಾರ ಹೊಂದದಿದ್ದರೆ ಕ್ಲ್ಯಾಂಪ್ ಎಷ್ಟು ಬಿಗಿದರೂ ಅಲುಗಾಟ ನಿಲ್ಲುವುದಿಲ್ಲ. ಕೈಹಿಡಿ ಇರುವ ಮಾದರಿಗೆ ಬೆಲೆ ಹೆಚ್ಚು. ಪಕ್ಕದಲ್ಲಿ ಗೋಡೆಗೆ ಸ್ಟೀಲ್ ಕಂಬಿ ಹಾಕಿಸಲು ಆಗದಿದ್ದರೆ ಮಾತ್ರ ಅದು ಬೇಕು. ಟವೆಲ್ ಹಾಕುವ ರಾಡು ಕಂಬಿಯಲ್ಲ, ಅದನ್ನು ಹಿಡಿದು ಎದ್ದರೆ ರಾಡೂ ನೀವೂ ಒಟ್ಟಿಗೆ ಕೆಳಗೆ.

ದೇಶಿ ಕಕ್ಕಸು ಮಾತ್ರ ಇರುವ ಮನೆಗೆ ರೈಸರ್ ಉಪಯೋಗವಿಲ್ಲ, ಕಮೋಡ್ ಚೇರ್ ಬೇಕು. ಅದರ ಬಕೆಟ್ ತೆಗೆದು ಗುಂಡಿಯ ಮೇಲೆ ನೇರ ನಿಲ್ಲಿಸಬಹುದು. ಆ ನೆಲ ಗುಂಡಿಯ ಕಡೆಗೆ ಇಳಿಜಾರಾಗಿರುತ್ತದಾದ್ದರಿಂದ ನಾಲ್ಕು ಕಾಲನ್ನೂ ಬೇರೆಬೇರೆ ತೂತಿಗೆ ಹೊಂದಿಸಲು ಬರುವಂಥದ್ದನ್ನೇ ಕೇಳಿ, ಮೊದಲು ಮನೆಯಲ್ಲಿ ಬೇರೆಯವರು ಕೂತು ಅಲುಗಾಡಿಸಿ ನೋಡಲಿ. ಬಣ್ಣ ಬಳಿದ ಕಬ್ಬಿಣದ ಚೇರು ಮಲೆನಾಡಿನ ತೇವಕ್ಕೆ ಬೆಸುಗೆಯ ಬುಡದಲ್ಲಿ ತುಕ್ಕು ಹಿಡಿಯುತ್ತದೆ, ಅದೂ ಕಣ್ಣಿಗೆ ಕಾಣದ ಒಳಮೈಯಲ್ಲಿ. ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲಿಗೆ ಕೊಟ್ಟ ಹೆಚ್ಚಿನ ದುಡ್ಡು ದಂಡವಲ್ಲ.

ಇದೇ ಅಳತೆಯನ್ನು ಉಳಿದ ಆಸನಗಳಿಗೂ ಹಚ್ಚಿ. ಮಣೆ, ಚಾಪೆ, ಬಚ್ಚಲಿನ ಗಿಡ್ಡ ಸ್ಟೂಲು ಬೇಡ. ಹಾಲಿನಲ್ಲಿರುವ ದಿವಾನ ತಗ್ಗು. ಪ್ಲಾಸ್ಟಿಕ್ ಕುರ್ಚಿ ಮುಂದೆ ಎತ್ತರವಾಗಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ಕೂತಾಗ ಮಂಡಿ ಚಪ್ಪೆಗಿಂತ ಮೇಲೆ ಹೋಗುತ್ತದೆ, ಹಿಂಭಾಗಕ್ಕೆ ಗಟ್ಟಿ ದಿಂಬು ಹಾಕಿ ಸರಿಮಾಡಿ. ಮೆತ್ತನೆಯ 4 ಇಂಚಿನ ಫೋಮ್ ಕೂತಮೇಲೆ ಅರ್ಧಕ್ಕಿಳಿಯುತ್ತದೆ ಎಂಬುದು ಲೆಕ್ಕದಲ್ಲಿರಲಿ. ತಪಾಸಣೆಗೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೋ, ಇತ್ತ ಬೆಂಗಳೂರಿಗೋ ಕಾರಿನಲ್ಲಿ ಹೋಗುವಾಗ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಮೈ ಸಲೀಸಾಗಿ ತಿರುಗಲು ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ. ಮೊದಲು ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿದರೆ ಆ ತೊಡೆಸಂದಿನ ಚುಚ್ಚು ತಪ್ಪುತ್ತದೆ. ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಿ.

ಕಾಲುಗಳ ನಡುವೆ ಇಡುವ ತ್ರಿಕೋನದ ಫೋಮ್ ದಿಂಬಿಗೆ ದುಡ್ಡು ಹಾಕಬೇಕಾಗಿಲ್ಲ. ಗಟ್ಟಿ ಹತ್ತಿಯ ಎರಡು ದಿಂಬನ್ನು ಟವೆಲಿನಲ್ಲಿ ಸುತ್ತಿ ಕಟ್ಟಿದರೆ ಸಾಕು. ಆದರೆ ಮಂಡಿಯಿಂದ ಹಿಮ್ಮಡಿವರೆಗೂ ಅದು ಬರಬೇಕು. ಮಂಡಿಯ ನಡುವೆ ಮಾತ್ರ ಇಟ್ಟರೆ ಪಾದ ಕೆಳಗೆ ಬಿದ್ದು ತೊಡೆ ತಿರುಚಿಕೊಳ್ಳುತ್ತದೆ, ಹೊರಬದಿಯ ನೋವು ಮಧ್ಯರಾತ್ರಿ ಎಬ್ಬಿಸುತ್ತದೆ.

ತಣ್ಣಗಾಗಿಸಿ ಇಡುವ ಜೆಲ್ ಪ್ಯಾಕ್ ಒಳ್ಳೆಯದು, ದೊಡ್ಡದನ್ನೇ ಕೊಳ್ಳಿ. ಹೆಚ್ಚು ನಡೆದ ದಿನ ತೆಳು ಬಟ್ಟೆ ಸುತ್ತಿ 15-20 ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಹೊಲಿಗೆಯ ಅಕ್ಕಪಕ್ಕ ಚರ್ಮ ಜೋಮು ಹಿಡಿದಂತಿರುವವರಿಗೆ ಸುಟ್ಟರೂ ಕೊರೆದರೂ ಗೊತ್ತಾಗುವುದಿಲ್ಲ, ಹಾಗಾಗಿ ಬಿಸಿನೀರಿನ ಬ್ಯಾಗನ್ನು ನೇರವಾಗಿ ಅಲ್ಲಿಡಬಾರದು. ಎಣ್ಣೆ ಹಚ್ಚಿ ಮೃದುವಾಗಿ ನೀವಿದರೆ, ಗಾಯ ಪೂರ್ತಿ ಒಣಗಿದ ಮೇಲೆ, ತೊಂದರೆಯಿಲ್ಲ. ಕಾಲು ಎಳೆದು ತಿರುಚಿ "ಕೂರಿಸುವ" ನಾಟಿ ಚಿಕಿತ್ಸೆ ಮಾತ್ರ ಖಂಡಿತ ಬೇಡ. ಅಂಥ ತಿರುಚಿನಲ್ಲಿ ಕೃತಕ ಕೀಲು ಜಾರಬಹುದು.

ಟೆನ್ಸ್ ಯಂತ್ರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಚರ್ಮದ ಮೂಲಕ ಸಣ್ಣ ವಿದ್ಯುತ್ ಹರಿಸಿ ನೋವಿನ ಸಂದೇಶವನ್ನು ಮಂಕಾಗಿಸುವ ಉಪಕರಣ ಅದು. ಕೀಲಿನೊಳಗೆ ಲೋಹವಿದ್ದರೂ ಬಳಸಬಹುದು, ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಬಳಸಬಾರದು. 80ರಿಂದ 100 ಹರ್ಟ್ಸ್, ಜುಮುಜುಮು ಅನ್ನಿಸುವಷ್ಟು ತೀವ್ರತೆ, 20-30 ನಿಮಿಷ. ಪ್ಯಾಡುಗಳನ್ನು ನೋವಿನ ಜಾಗದ ಎರಡು ಕಡೆ ಹಚ್ಚಿ, ಹೊಲಿಗೆಯ ಮೇಲೆ ಹಚ್ಚಬೇಡಿ. "ಪ್ಯಾಡು ವಾರಕ್ಕೇ ಅಂಟು ಬಿಡ್ತು" ಎಂಬ ದೂರಿಗೆ ಸಾಮಾನ್ಯ ಕಾರಣ ಎಣ್ಣೆ ಮೈ. ಸೋಪಿನಲ್ಲಿ ತೊಳೆದು ಒರೆಸಿ ಹಚ್ಚಿ, ಮುಗಿದ ಮೇಲೆ ಅದರ ಹಾಳೆಗೇ ಮತ್ತೆ ಅಂಟಿಸಿಡಿ. ನಮ್ಮ ತೀರ್ಪು: ಯಂತ್ರ ಓಡುವಷ್ಟು ಹೊತ್ತು ಕೆಲವರಿಗೆ ಹಾಯೆನಿಸುತ್ತದೆ, ಕೆಲವರಿಗೆ ಏನೂ ಇಲ್ಲ, ವಾಸಿಯಂತೂ ಮಾಡುವುದಿಲ್ಲ. ಫಿಸಿಯೋ ಬಳಿ ಮೂರು ನಾಲ್ಕು ಸಲ ಹಾಕಿಸಿ ನೋಡಿ, ಉಪಯೋಗ ಕಂಡರೆ ಮಾತ್ರ ಕೊಳ್ಳಿ.

ಫಿಸಿಯೋ ಸೆಂಟರಿಗೆ ಹೋದಾಗ ಮೊದಲು ಹೇಳಬೇಕಾದ ಮಾತು "ಒಳಗೆ ಲೋಹ ಇದೆ". ಶಾರ್ಟ್‌ವೇವ್ ಡಯಾಥರ್ಮಿ ಎಂಬ, ರೇಡಿಯೋ ಅಲೆಯಿಂದ ಒಳಗೆ ಶಾಖ ಕೊಡುವ ಯಂತ್ರದ ಬಿಸಿ ಲೋಹದ ಸುತ್ತ ಒಟ್ಟಾಗಿ ಒಳಗಿನ ಮಾಂಸ ಸುಡಬಹುದು, ಅದನ್ನು ಹಾಕಿಸಿಕೊಳ್ಳಬಾರದು. ಮನೆಗೇ ಬರುವ ಫಿಸಿಯೋ ಸೇವೆಯನ್ನು ಮೊದಲ ಭೇಟಿಯಲ್ಲೇ ಅಳೆಯಬಹುದು. ಒಳ್ಳೆಯವರು ಡಿಸ್ಚಾರ್ಜ್ ಸಮರಿ ಕೇಳುತ್ತಾರೆ, ಕನ್ನಡಿಯ ಮುಂದೆ ಒಂಟಿ ಕಾಲಲ್ಲಿ ನಿಲ್ಲಿಸಿ ಎದುರು ಬದಿ ಕುಸಿಯುತ್ತದೆಯೇ ನೋಡುತ್ತಾರೆ, ವ್ಯಾಯಾಮ ಬರೆದುಕೊಟ್ಟು ಹೋಗುತ್ತಾರೆ. 20 ನಿಮಿಷ ಯಂತ್ರ ಹಚ್ಚಿ ಫೋನ್ ನೋಡುತ್ತಾ ಕೂರುವವರಿಗೆ ದಿನದ ಲೆಕ್ಕದಲ್ಲಿ ದುಡ್ಡು ಕೊಡುವುದು ವ್ಯರ್ಥ. ಬೇಲೂರು, ಅರಕಲಗೂಡಿನ ಒಳಹಳ್ಳಿಗಳಿಗೆ ದಿನಾ ಬರುವವರು ಸಿಗದಿದ್ದರೆ ಚಿಂತೆ ಬೇಡ. ಹದಿನೈದು ದಿನಕ್ಕೊಮ್ಮೆ ಬಂದು ಪಾಠ ಬದಲಿಸಿದರೂ ಸಾಕು, ಉಳಿದದ್ದು ಮನೆಯವರ ಕೈಲಿದೆ.

ಆ ಪಾಠಕ್ಕೆ ಬೇಕಾದ ಸಾಮಾನು ಒಂದೇ, ರಬ್ಬರ್ ಬ್ಯಾಂಡ್. ಮೊದಲ ವಾರಗಳಲ್ಲಿ ಬ್ಯಾಂಡೂ ಬೇಡ. ಅಡುಗೆಮನೆ ಕಟ್ಟೆ ಹಿಡಿದು ನಿಂತು, ಮೈ ವಾಲಿಸದೆ ಕಾಲನ್ನು ಪಕ್ಕಕ್ಕೆ ಎತ್ತಿ 5 ಸೆಕೆಂಡ್ ಹಿಡಿಯುವುದು, 10 ಸಲ, ದಿನಕ್ಕೆ ಎರಡು ಮೂರು ಬಾರಿ. ಆಮೇಲೆ ಬ್ಯಾಂಡನ್ನು ಮೊದಲು ಮಂಡಿಯ ಮೇಲ್ಗಡೆ ಕಟ್ಟಿ, ಪಾದದ ಹತ್ತಿರ ಕಟ್ಟಿದರೆ ಸನ್ನೆ ಉದ್ದವಾಗಿ ಭಾರ ಏಕಾಏಕಿ ಏರುತ್ತದೆ. ವ್ಯಾಯಾಮದಿಂದ ಎದ್ದ ನೋವು ಮರುದಿನ ಬೆಳಿಗ್ಗೆಯೊಳಗೆ ಇಳಿದರೆ ಅಳತೆ ಸರಿ. ಇಳಿಯದಿದ್ದರೆ ಅರ್ಧ ಮಾಡಿ, ನಿಲ್ಲಿಸಬೇಡಿ.

"ಒಂದು ಕಾಲು ಉದ್ದ ಆಗಿದೆ" ಎಂದು ತಕ್ಷಣ ಹಿಮ್ಮಡಿ ಪ್ಯಾಡ್ ಕೊಳ್ಳುವುದೂ ಉಂಟು. ಮೊದಲ ತಿಂಗಳುಗಳಲ್ಲಿ ಹಾಗನ್ನಿಸುವುದು ಹೆಚ್ಚಾಗಿ ಸ್ನಾಯುಗಳ ಬಿಗಿತದಿಂದ. ಆಗಲೇ ಪ್ಯಾಡ್ ಹಾಕಿದರೆ ಆ ಬಿಗಿತವೇ ಕಾಯಂ ಆಗುತ್ತದೆ. ಆರು ತಿಂಗಳಾದರೂ ಹಾಗೇ ಇದ್ದರೆ ಡಾಕ್ಟರ್ ಅಳತೆ ತೆಗೆಯಲಿ.

ಮಾತ್ರೆಯ ವಿಷಯದಲ್ಲಿ ಒಂದೇ ಎಚ್ಚರ. ಮೆಡಿಕಲ್ ಶಾಪಿನಲ್ಲಿ ನೋವಿಗೆಂದು ಕೊಡುವ ಅಸೆಕ್ಲೊಫೆನಾಕ್ ಮಾತ್ರೆಗಳಲ್ಲಿ ಬಹಳಷ್ಟರೊಳಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಆಗಲೇ ಇರುತ್ತದೆ. ಮೇಲೆ ಮತ್ತೆ 650ರ ಮಾತ್ರೆ ನುಂಗುತ್ತಾ ಹೋದರೆ ಲೆಕ್ಕ ತಪ್ಪುತ್ತದೆ. ಕಿಡ್ನಿ, ಹೃದಯ, ಬಿ.ಪಿ. ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಅಸೆಕ್ಲೊಫೆನಾಕ್ ಮುಟ್ಟಬಾರದು.

ಕೆಲವು ನೋವಿಗೆ ಅಂಗಡಿಯ ಕಡೆ ತಿರುಗಲೇಬಾರದು. ಹಠಾತ್ ನೋವೆದ್ದು ಕಾಲು ಗಿಡ್ಡವಾಗಿ ತಿರುಗಿಕೊಂಡು ಊರಲಾಗದಿದ್ದರೆ ಕೀಲು ಜಾರಿದೆ ಅಥವಾ ಮೂಳೆ ಮುರಿದಿದೆ. ಮೀನಖಂಡ ಊದಿ ಬಿಗಿದರೆ ರಕ್ತ ಹೆಪ್ಪುಗಟ್ಟಿರಬಹುದು. ಇವೆರಡಕ್ಕೂ ಅದೇ ದಿನ ಆಸ್ಪತ್ರೆ. ಗಾಯದಿಂದ ನೀರು ಸೋರುವುದು, ಜ್ವರ, ಸುಮ್ಮನೆ ಮಲಗಿದ್ದಾಗಲೂ ಬಿಡದ ನೋವು ಸೋಂಕಿನ ಸೂಚನೆ. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಊರಿನಲ್ಲೇ ಆಂಟಿಬಯೋಟಿಕ್ ಶುರುಮಾಡಿಬಿಡುವುದು. ಹಾಗಾದರೆ ಕೀಲಿನ ನೀರು ತೆಗೆದು ಪರೀಕ್ಷಿಸಿದಾಗ ರೋಗಾಣು ಸಿಗದೆ ಹೋಗಬಹುದು. ಗಂಭೀರ ಸ್ಥಿತಿ ಅಲ್ಲದಿದ್ದರೆ ಮೊದಲು ಸರ್ಜನ್ ನೋಡಿ, ಇ.ಎಸ್‌.ಆರ್‌., ಸಿ.ಆರ್‌.ಪಿ. ಎಂಬ ರಕ್ತ ಪರೀಕ್ಷೆ ಮಾಡಿಸಿ, ಕೀಲಿನ ನೀರು ತೆಗೆದ ಮೇಲೆ ಔಷಧಿ. ವರ್ಷಗಟ್ಟಲೆ ಚೆನ್ನಾಗಿದ್ದ ಕೀಲಿನಲ್ಲಿ ಹೊಸದಾಗಿ ನೋವು ಬಂದರೆ ಸಡಿಲವಾಗಿರಬಹುದು. ಆಗ ಹಳೆಯ ಎಕ್ಸ್‌-ರೇ ಪಕ್ಕದಲ್ಲಿಟ್ಟು ಹೋಲಿಸದೆ ಹೊಸದೊಂದರಿಂದ ಹೆಚ್ಚೇನೂ ತಿಳಿಯದು.

ಹಳೆಯ ಆಪರೇಷನ್ನಿನವರು ಇನ್ನೊಂದು ನೋಡಬೇಕು. ಲೋಹದ ಗುಂಡು ಲೋಹದ ಬಟ್ಟಲಿನಲ್ಲೇ ತಿರುಗುವ ಎಎಸ್‌ಆರ್ ಎಂಬ ಕೀಲನ್ನು 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಹಿಂಪಡೆಯಲಾಯಿತು, ಭಾರತದಲ್ಲೂ ಅದನ್ನು ಹಾಕಿಸಿಕೊಂಡವರಿದ್ದಾರೆ. ಅಂಥವರಿಗೆ ರಕ್ತದಲ್ಲಿ ಕೋಬಾಲ್ಟ್, ಕ್ರೋಮಿಯಂ ಪರೀಕ್ಷೆ ಬೇಕಾಗುತ್ತದೆ. ಯಾವ ಕೀಲು ಎಂದು ಗೊತ್ತಾಗುವುದು ಡಿಸ್ಚಾರ್ಜ್ ಫೈಲಿನಲ್ಲಿ ಅಂಟಿಸಿರುವ, ತಯಾರಿಕೆಯ ಲಾಟ್ ನಂಬರಿನ ಸ್ಟಿಕ್ಕರುಗಳಿಂದ. ಆ ಪುಟದ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಪಡಿತರ ಚೀಟಿ ಇಡುವ ಕಡೆ ಇಡಿ, ಇನ್ನೊಂದರ ಫೋಟೊ ಮಕ್ಕಳ ಫೋನಿನಲ್ಲಿರಲಿ.